ಭೀಮ್, ನೊಬಿತಾ, ಬ್ಲೂಯಿ, ಪುಣ್ಯಕೋಟಿ: ಒಂದು ಮಳೆಗಾಲ ನಮ್ಮ ಮನೆ ಟಿವಿಯಲ್ಲಿ

ಎರಡು ಪೋಕೆಮಾನ್ ಕಾರ್ಡುಗಳಿಂದ ಇದೆಲ್ಲ ಶುರುವಾಯಿತು. ಜೂನ್ ತಿಂಗಳು, ಶಿವಮೊಗ್ಗದಲ್ಲಿ ಮಳೆ ಹಿಡಿದುಕೊಂಡಿತ್ತು. ಮಗನ ಒದ್ದೆ ಯೂನಿಫಾರ್ಮ್ ಒಗೆಯಲು ಹಾಕುವಾಗ ಚಡ್ಡಿ ಜೇಬಿನಲ್ಲಿ ಸಿಕ್ಕಿದವು. ಹೊಳೆಯುವ, ಅಂಚು ಮೆತ್ತಗಾದ ಎರಡು ಕಾರ್ಡು. ನಾವು ಕೊಡಿಸಿದ್ದಲ್ಲ. ಕೇಳಿದರೆ "ಬಿದ್ದಿತ್ತು" ಅಂದ. ಎಲ್ಲಿ ಅಂದರೆ "ಮರ್ತೋಯ್ತು". ರಾತ್ರಿ ದೀಪ ಆರಿಸಿದ ಮೇಲೆ ಬಾಯಿಬಿಟ್ಟ. ಶಾಲೆ ಹತ್ತಿರದ ಅಂಗಡಿಯಲ್ಲಿ ಅವನ ಗೆಳೆಯ ಒಂದು ಪ್ಯಾಕೆಟ್ ಎಗರಿಸಿದ್ದ. ಇವನಿಗೆ ಎರಡು ಕೊಟ್ಟು "ಯಾರಿಗೂ ಹೇಳ್ಬೇಡ" ಅಂದಿದ್ದ.

ಮಗನಿಗೆ ಏಳೂವರೆ ವರ್ಷ. ಆ ಗೆಳೆಯ ಕೆಟ್ಟ ಹುಡುಗ ಆಗಿದ್ದರೆ ನನಗೆ ಸುಲಭ ಇತ್ತು. ಅವನ ಜೊತೆ ಸೇರಬೇಡ ಅಂದರೆ ಮುಗೀತು. ಆದರೆ ಆ ಹುಡುಗ ನಮ್ಮ ಮನೆಗೆ ಬಂದರೆ ಚಪ್ಪಲಿ ಜೋಡಿಸಿಟ್ಟು ಒಳಗೆ ಬರುತ್ತಾನೆ. ಇವನು ಊಟದ ಡಬ್ಬಿ ಮರೆತ ದಿನ ತನ್ನ ಚಪಾತಿಯಲ್ಲಿ ಅರ್ಧ ಕೊಟ್ಟಿದ್ದಾನೆ. ಅಂಥವನು ಗುಟ್ಟು ಇಟ್ಟುಕೋ ಅಂದರೆ ಮಗು ಇಟ್ಟುಕೊಳ್ಳದೆ ಇನ್ನೇನು ಮಾಡುತ್ತೆ?

ಇವರು "ಟಿವಿ ನೋಡಿ ನೋಡಿನೇ ಹಿಂಗಾಗಿದ್ದು, ಬಂದ್ ಮಾಡು" ಅಂದರು. ಮಳೆಗಾಲದಲ್ಲಿ ಎರಡು ಮಕ್ಕಳನ್ನು ಮನೆಯೊಳಗೆ ಟಿವಿ ಇಲ್ಲದೆ ಇಟ್ಟುಕೊಳ್ಳುವುದು ನನಗೆ ಆಗುವ ಕೆಲಸ ಅಲ್ಲ. ಬದಲಿಗೆ ಒಂದು ಪ್ರಯೋಗ ಮಾಡೋಣ ಅಂದೆ. ದಿನಾ ಸಂಜೆ ಏಳಕ್ಕೆ ಅರ್ಧ ಗಂಟೆ. ಒಂದೊಂದು ವಾರ ಒಂದೊಂದು ಕಾರ್ಟೂನ್. ನಾನು ಪಕ್ಕದಲ್ಲೇ ಕೂತು ಬೀನ್ಸ್ ನಾರು ತೆಗೆಯುತ್ತಾ ನೋಡುವುದು. ಮುಗಿದ ಮೇಲೆ ಎರಡೇ ಪ್ರಶ್ನೆ: ಯಾರು ಸುಳ್ಳು ಹೇಳಿದ್ದು? ಯಾಕೆ ಹೇಳಿದ್ದು? ಭಾಷಣ ಇಲ್ಲ.

ಪಕ್ಕದಲ್ಲಿ ಕೂರುವುದು ಸುಮ್ನೆ ಅಲ್ಲ. ಅಮೆರಿಕದಲ್ಲಿ "ಡೇನಿಯಲ್ ಟೈಗರ್" ಅನ್ನುವ ಪುಟಾಣಿಗಳ ಕಾರ್ಟೂನ್ ಮೇಲೆ 2016ರಲ್ಲಿ ಒಂದು ಅಧ್ಯಯನ ಬಂದಿತ್ತು. ಎರಡು ವಾರ ಅದನ್ನು ನೋಡಿದ ಮಕ್ಕಳಲ್ಲಿ ಇನ್ನೊಬ್ಬರ ಕಷ್ಟ ಅರ್ಥಮಾಡಿಕೊಳ್ಳುವ ಗುಣ ಜಾಸ್ತಿ ಆಗಿದ್ದು, ಟಿವಿಯಲ್ಲಿ ನೋಡಿದ್ದರ ಬಗ್ಗೆ ಅಪ್ಪ ಅಮ್ಮ ಆಗಾಗ ಮಾತಾಡುತ್ತಿದ್ದ ಮನೆಗಳಲ್ಲಿ ಮಾತ್ರ. ಬರೀ ಟಿವಿ ಹಾಕಿ ಅಡುಗೆಮನೆಗೆ ಹೋದರೆ ಆಗಲ್ಲ ಅಂತ ಆಯಿತು. ಬೀನ್ಸ್ ಟಿವಿ ಮುಂದೆ ಬಂದಿದ್ದು ಹಾಗೆ.

ಮೊದಲ ವಾರ ಛೋಟಾ ಭೀಮ್. 2008ರಿಂದ ಬರುತ್ತಿದೆ, ಹೈದರಾಬಾದಿನ ಗ್ರೀನ್ ಗೋಲ್ಡ್ ಕಂಪನಿಯದು. ಭೀಮ್ ಇರುವ ಊರು ಢೋಲಕ್‌ಪುರ ನಮ್ಮ ಮಕ್ಕಳಿಗೆ ಭದ್ರಾವತಿಗಿಂತ ಚೆನ್ನಾಗಿ ಗೊತ್ತು. ಭೀಮ್ ಒಳ್ಳೆಯವನು, ಧೈರ್ಯ ಇದೆ, ದುರ್ಬಲರ ಪರ ನಿಲ್ಲುತ್ತಾನೆ. ಐದು ವರ್ಷದ ಮಗಳಿಗಂತೂ ಪ್ರಾಣ. ಆದರೆ ನನ್ನ ಪ್ರಶ್ನೆಗೆ ಮಗ ಕೊಟ್ಟ ಉತ್ತರ ಕೇಳಿ.

"ಯಾರು ಸುಳ್ಳು ಹೇಳಿದ್ದು?"

"ಕಾಲಿಯಾ."

"ಯಾಕೆ?"

"ಅವ್ನು ಕಾಲಿಯಾ ಅಲ್ವಾ!"

ವಾರವಿಡೀ ಇದೇ ಉತ್ತರ. ಕೆಟ್ಟವನು ಯಾರು ಅಂತ ಕತೆ ಶುರುವಾಗುವ ಮೊದಲೇ ಗೊತ್ತು. ಸುಳ್ಳು ಹೇಳುವುದು ಅವನ ಉದ್ಯೋಗ. ಕೊನೆಗೆ ಭೀಮ್ ಲಾಡು ತಿಂದು ಗುದ್ದಿದರೆ ನ್ಯಾಯ ಸಿಕ್ಕಿತು. ಮಗನ ಗೆಳೆಯ ಕಾಲಿಯಾ ಥರ ಇಲ್ಲವಲ್ಲ, ಹಾಗಾಗಿ ಜೇಬಿನ ಕಾರ್ಡಿಗೂ ಇದಕ್ಕೂ ಸಂಬಂಧ ಇದೆ ಅಂತ ಅವನಿಗೆ ಹೊಳೆಯಲೇ ಇಲ್ಲ. ಇನ್ನೊಂದು ಮಾತು. ಕಾಲಿಯಾ ಅಂದರೆ ಕರಿಯ ಅಂತ. ನನ್ನ ಮಗಳೂ ನನ್ನ ಹಾಗೆ ಕಪ್ಪು. ಮೋಸಗಾರನಿಗೇ ಆ ಹೆಸರು ಯಾಕೆ ಅಂತ ನನಗೆ ಒಳಗೊಳಗೇ ಚುಚ್ಚುತ್ತೆ. ಧೈರ್ಯ ಕಲಿಸಲು ಭೀಮ್ ಸರಿ. ಪ್ರಾಮಾಣಿಕತೆಗೆ ಅಲ್ಲ.

ನಡುವೆ ಎರಡು ದಿನ ಮೋಟು ಪತ್ಲು ಹಾಕಿದೆ. ಸಮೋಸಾ ಎಗರಿಸುವುದೇ ಅದರಲ್ಲಿ ತಮಾಷೆ. ನಾನೂ ನಕ್ಕೆ. ಮೂರನೇ ದಿನ ಹಾಕಲಿಲ್ಲ.

ಎರಡನೇ ವಾರ ಡೋರೆಮಾನ್. ನೊಬಿತಾ ಅನ್ನುವ ಹುಡುಗ, ಅವನಿಗೆ ಮಾಯಾ ಸಾಮಾನು ಕೊಡುವ ರೋಬೋಟ್ ಬೆಕ್ಕು ಡೋರೆಮಾನ್, ಇವರ ಕತೆ. ಇದನ್ನು ಬೈಯುವುದೇ ತಾಯಂದಿರ ಗುಂಪಿನಲ್ಲಿ ರೂಢಿ. ನೊಬಿತಾ ಸೋಂಬೇರಿ, ಹೋಂವರ್ಕ್ ಮಾಡಲ್ಲ, ಸೊನ್ನೆ ಬಂದ ಪೇಪರ್ ಅಮ್ಮನಿಂದ ಬಚ್ಚಿಡುತ್ತಾನೆ. ಭಾಷೆಯ ತಲೆನೋವು ಬೇರೆ. ಹಿಂದಿ ಡೋರೆಮಾನ್ ನೋಡಿ ಮಕ್ಕಳು ಹಿಂದಿಯಲ್ಲೇ ಮಾತಾಡುತ್ತಿದ್ದಾರೆ ಅಂತ ಬಾಂಗ್ಲಾದೇಶ ಸರ್ಕಾರ 2013ರಲ್ಲಿ ಅದನ್ನು ನಿಲ್ಲಿಸಿತ್ತು. ನಮ್ಮ ಮನೆಯಲ್ಲೂ ಮಗಳು ಹಲ್ಲಿ ಕಂಡರೆ "ಬಚಾವೋ" ಅಂತ ಕೂಗುತ್ತಾಳೆ. ಹಲ್ಲಿಗೆ ಯಾವ ಭಾಷೆಯಾದರೂ ಒಂದೇ, ಬಿಡಿ.

ಆದರೆ ನನಗೆ ಆಶ್ಚರ್ಯ ಆಗಿದ್ದು ಇಲ್ಲೇ. ಮೊದಲ ದಿನವೇ ಮಗ ಬೇರೆ ಥರ ಉತ್ತರ ಕೊಟ್ಟ. "ನೊಬಿತಾ ಸುಳ್ಳು ಹೇಳ್ದ. ಅಮ್ಮ ಬೈತಾಳೆ ಅಂತ ಹೆದರಿಕೆ." ಸ್ವಲ್ಪ ಹೊತ್ತು ಬಿಟ್ಟು, ನನ್ನ ಕಡೆ ನೋಡದೆ, "ನಂಗೂ ಹಂಗೇ ಆಗತ್ತೆ" ಅಂದ.

ಕಾಲಿಯಾ ಬೇರೆಯವನು, ನೊಬಿತಾ ಇವನೇ. ಜಿಯಾನ್ ಗುದ್ದುತ್ತಾನೆ, ಸುನಿಯೋ ಹೊಸ ಆಟಿಕೆ ತೋರಿಸಿ ಹೊಟ್ಟೆ ಉರಿಸುತ್ತಾನೆ. ಆದರೂ ಆಡುವುದು ಅವರ ಜೊತೆಗೇ. ಮಕ್ಕಳ ಬೀದಿ ಇರುವುದೇ ಹಾಗೆ. ಸಹವಾಸದ ಒತ್ತಡ ಅಂದರೆ ಏನು ಅಂತ ಈ ಜಪಾನಿ ಕಾರ್ಟೂನಿಗೆ ಗೊತ್ತು.

ಅದು ಎಡವುವುದು ಪರಿಹಾರದಲ್ಲಿ. ಪರೀಕ್ಷೆಗೆ ಓದದ ನೊಬಿತಾ ಬ್ರೆಡ್ಡಿನ ಮೇಲೆ ಪುಸ್ತಕದ ಅಚ್ಚೊತ್ತಿ ತಿನ್ನುವ ಕತೆ ನೆನಪಿದೆಯಾ? ತಿಂದಿದ್ದೆಲ್ಲ ನೆನಪಿನಲ್ಲಿ ಉಳಿಯುತ್ತೆ. ಆಮೇಲೆ ಹೊಟ್ಟೆ ಕೆಟ್ಟು ಎಲ್ಲ ಹೋಗುತ್ತೆ. ಮಕ್ಕಳು ಉರುಳಾಡಿ ನಕ್ಕರು. ಮೋಸ ಮಾಡಿದರೆ ಸಿಕ್ಕಿಬೀಳುತ್ತಾರೆ ಅಂತ ಇದೆ. ಸಿಕ್ಕಿಬೀಳುವ ಮೊದಲು ಹೋಗಿ ಹೇಳಿಬಿಡಬಹುದು ಅನ್ನುವ ದಾರಿ ನಾವು ನೋಡಿದ ಏಳು ದಿನದಲ್ಲಿ ಒಮ್ಮೆಯೂ ಕಾಣಲಿಲ್ಲ.

ಇದು ದೊಡ್ಡ ವಿಷಯ. ಮಕ್ಕಳ ಸುಳ್ಳಿನ ಬಗ್ಗೆ ತುಂಬಾ ಕೆಲಸ ಮಾಡಿರುವ ಕಾಂಗ್ ಲೀ ಅವರ ತಂಡದ 2014ರ ಪ್ರಯೋಗ ಒಂದಿದೆ. ಮೂರರಿಂದ ಏಳು ವರ್ಷದ ಮಕ್ಕಳಿಗೆ, ಬೆನ್ನ ಹಿಂದಿನ ಆಟಿಕೆ ಇಣುಕಿ ನೋಡಬೇಡ ಅಂತ ಹೇಳಿ ಒಬ್ಬರನ್ನೇ ಬಿಟ್ಟರು. ಆಮೇಲೆ ಒಂದು ಕತೆ ಓದಿ, ಇಣುಕಿದ್ಯಾ ಅಂತ ಕೇಳಿದರು. ಸುಳ್ಳಿಗೆ ಮೂಗು ಉದ್ದ ಆಗುವ ಪಿನೋಕಿಯೋ, ತೋಳ ಬಂತು ಅಂತ ಕೂಗುವ ಹುಡುಗ, ಈ ಎರಡು ಕತೆಗಳಿಂದ ಏನೂ ಆಗಲಿಲ್ಲ. ಮರ ಕಡಿದೆ ಅಂತ ಒಪ್ಪಿಕೊಂಡು ಅಪ್ಪನಿಂದ ಶಭಾಷ್ ಅನ್ನಿಸಿಕೊಂಡ ಜಾರ್ಜ್ ವಾಷಿಂಗ್ಟನ್ ಕತೆ ಕೇಳಿದವರು ಮಾತ್ರ ಜಾಸ್ತಿ ನಿಜ ಹೇಳಿದರು. ಆ ಕತೆಯ ಕೊನೆಯನ್ನೇ ತಿರುಗಿಸಿ, ಸುಳ್ಳಿನ ಕೆಟ್ಟ ಫಲ ತೋರಿಸಿ ಹೇಳಿದಾಗ ಆ ಪರಿಣಾಮವೂ ಹೋಯಿತು. ನಮ್ಮ ಕಾರ್ಟೂನುಗಳಲ್ಲಿ ಬಹುಪಾಲು ಮೂಗು ಉದ್ದ ಮಾಡುವಂಥವೇ.

ಡೋರೆಮಾನ್ ವಾರದ ಫಲ ಹೇಳಲಾ? ಶನಿವಾರ ಗಾದಿ ಬಿಸಿಲಿಗೆ ಹಾಕಲು ಎತ್ತಿದರೆ ಅಡಿಯಲ್ಲಿ ಗಣಿತದ ಟೆಸ್ಟ್ ಪೇಪರ್. ಇಪ್ಪತ್ತಕ್ಕೆ ಒಂಬತ್ತು. ಎಂಟು ಮಡಿಕೆ ಮಡಿಸಿ ಪೋಸ್ಟಲ್ ಸ್ಟಾಂಪಿನಷ್ಟು ಮಾಡಿದ್ದ.

ಮೂರನೇ ವಾರ ಬ್ಲೂಯಿ. ಆಸ್ಟ್ರೇಲಿಯಾದ ಬ್ರಿಸ್ಬೇನಿನದು, 2018ರಲ್ಲಿ ಶುರುವಾಗಿದ್ದು. ನಾಯಿಗಳ ಸಂಸಾರ. ಅಪ್ಪ, ಅಮ್ಮ, ಬ್ಲೂಯಿ, ತಂಗಿ ಬಿಂಗೋ. ಒಂದು ಕಂತು ಏಳು ನಿಮಿಷ. ಖಳನಾಯಕನೇ ಇಲ್ಲ. ಮೊದಲ ದಿನ ಮಗ "ಇದ್ರಲ್ಲಿ ಏನೂ ಆಗಲ್ಲ" ಅಂತ ರಿಮೋಟ್ ಕೇಳಿದ. ನಾವು ನೋಡಿದ್ದು ಇಂಗ್ಲಿಷಿನಲ್ಲಿ, ಮಗಳಿಗೆ ಅರ್ಧಕ್ಕರ್ಧ ಅರ್ಥ ಆಗಲ್ಲ. ನಾನು ಪಕ್ಕದಲ್ಲಿ ಕನ್ನಡದ ಕಾಮೆಂಟರಿ ಕೊಡಬೇಕು. ಬೀನ್ಸ್ ಮುಗಿಯಲೇ ಇಲ್ಲ ಆ ವಾರ.

ಒಂದು ಕಂತಿನಲ್ಲಿ ಮೂರು ಗೆಳೆಯರು ಪಾರ್ಕಿನಲ್ಲಿ ನೆರಳಾಟ ಆಡುತ್ತಾರೆ. ನೆರಳಿನ ಮೇಲೆ ಮಾತ್ರ ಕಾಲಿಡಬೇಕು. ಬಿಸಿಲು ಅಂದರೆ ಮೊಸಳೆ ಇರುವ ನೀರು. ಕೋಕೋ ಅನ್ನುವ ಹುಡುಗಿಗೆ ಕಷ್ಟ ಬಂದಾಗಲೆಲ್ಲ ರೂಲ್ಸ್ ಬದಲಾಯಿಸೋಣ ಅನ್ನುವ ಆಸೆ. ಅವಳು ಕೆಟ್ಟವಳಲ್ಲ. ನಗುನಗುತ್ತಾ ಕೇಳುತ್ತಾಳೆ, ಗೆಳತಿ ಬೇರೆ. ಬ್ಲೂಯಿ ಒಪ್ಪಲ್ಲ. ಕೊನೆಗೆ ನೆರಳೇ ಇಲ್ಲದ ಕಡೆ ಸಿಕ್ಕಿಹಾಕಿಕೊಂಡಾಗ ಮೋಡ ಬಂದು ಪಾರ್ಕೆಲ್ಲ ನೆರಳಾಗುತ್ತೆ. ಅಷ್ಟೇ ಕತೆ. ಗುದ್ದಾಟ ಇಲ್ಲ, ಬುದ್ಧಿಮಾತೂ ಇಲ್ಲ. ಮಗ ಏನೂ ಹೇಳಲಿಲ್ಲ. ನಾನೂ ಮತ್ತೆ ಕೇಳಲು ಹೋಗಲಿಲ್ಲ.

ಆ ಭಾನುವಾರ ಸಾಗರಕ್ಕೆ ಹೊರಟಿದ್ದೆವು, ನನ್ನ ತವರಿಗೆ. ಬಸ್ಸಿನಲ್ಲಿ ಹೆಂಗಸರಿಗೆ 2023ರಿಂದ ಟಿಕೆಟ್ ಪುಕ್ಕಟೆ. ನನ್ನ ಆಧಾರ್ ತೋರಿಸಿದೆ. ಕಂಡಕ್ಟರ್ ಮಗನನ್ನು ನೋಡಿ "ಇವನಿಗೆ ಅರ್ಧ ಟಿಕೆಟ್ ಅಲ್ವಾ ಅಕ್ಕಾ?" ಅಂದರು. ನನ್ನ ಬಾಯಲ್ಲಿ ತಂತಾನೆ ಬಂತು: "ಇನ್ನೂ ಆರು ತುಂಬಿಲ್ಲ." ಯಾಕೆ ಹೇಳಿದೆನೋ. ದುಡ್ಡಿನ ಕಷ್ಟ ಇರಲಿಲ್ಲ. ನನ್ನ ಅಮ್ಮ ಹೇಳುತ್ತಿದ್ದಳು, ನಾನೂ ಹೇಳಿದೆ.

ಮಗ ಕಿಟಕಿ ಕಡೆ ತಿರುಗಿ ತಂಗಿಗೆ ಮೆಲ್ಲಗೆ ಅಂದ: "ಅಮ್ಮ ಕೋಕೋ ಆದ್ಲು."

ಕಂಡಕ್ಟರ್ ಎರಡು ಸೀಟು ಮುಂದೆ ಹೋಗಿದ್ದರು. ಕರೆದು ಅರ್ಧ ಟಿಕೆಟ್ ತಗೊಂಡೆ. ಅವರು ನಕ್ಕರು, ನಾನು ಚಿಲ್ಲರೆ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದೆ. ಆನಂದಪುರ ಬರುವವರೆಗೂ ಮಗ ಟಿಕೆಟ್ಟನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದ.

ಇಷ್ಟು ಸಾಕು ಬ್ಲೂಯಿಗೆ ಮೊದಲ ಸ್ಥಾನ ಕೊಡಲು, ಅಲ್ವಾ? ಪಾರ್ಕಿನ ಆಟವನ್ನು ಬಸ್ ಟಿಕೆಟ್ಟಿಗೆ ತಂದು ಜೋಡಿಸಿದ ಅಂದರೆ ಸಣ್ಣ ಮಾತಲ್ಲ. ಕಾರ್ಟೂನಿನ ನೀತಿ ಮಕ್ಕಳ ತಲೆಯಲ್ಲಿ ಹಾಗೆ ಸುಲಭಕ್ಕೆ ದಾಟಲ್ಲ. 2008ರ ಒಂದು ಅಧ್ಯಯನದಲ್ಲಿ ಕ್ಲಿಫರ್ಡ್ ಅನ್ನುವ ಕೆಂಪು ನಾಯಿಯ ಕಾರ್ಟೂನ್ ತೋರಿಸಿದ್ದರು. ಮೂರೇ ಕಾಲಿನ ನಾಯಿಯೊಂದನ್ನು ಎಲ್ಲರೂ ಒಳಗೆ ಸೇರಿಸಿಕೊಳ್ಳುವ ಕತೆ. ಬೇರೆ ಥರ ಇರುವವರನ್ನು ದೂರ ಇಡಬಾರದು ಅಂತ ಕಲಿಯಲಿ ಅಂದರೆ, ಪುಟಾಣಿಗಳು ಕಲಿತಿದ್ದು ಮೂರು ಕಾಲಿನ ನಾಯಿಗೆ ತೊಂದರೆ ಕೊಡಬಾರದು ಅಂತ! ನನ್ನ ಮಗಳದೂ ಇದೇ ಕತೆ. ನೆರಳಾಟದಿಂದ ಅವಳು ಕಲಿತಿದ್ದು ಬಿಸಿಲಲ್ಲಿ ಮೊಸಳೆ ಇರುತ್ತೆ ಅಂತ. ಹಾಗಾಗಿ ಬ್ಲೂಯಿ ಏಳೆಂಟು ವರ್ಷದವರಿಗೆ ಸರಿ, ಐದಕ್ಕೆ ಬೇಗ ಆಯಿತು ಅನ್ನುವುದು ನನ್ನ ಲೆಕ್ಕ.

ಕೊನೆಯ ವಾರ ಗೋವಿನ ಹಾಡು. ಯೂಟ್ಯೂಬಿನಲ್ಲಿ ಇದರ ಅನಿಮೇಷನ್ ಬೇಕಾದಷ್ಟಿವೆ. ನಿಜ ಹೇಳಬೇಕು, ನಾವು ನೋಡಿದ್ದರಲ್ಲಿ ಚಿತ್ರ ಚೆನ್ನಾಗಿರಲಿಲ್ಲ. ಹುಲಿ ಬೆಕ್ಕಿನ ಥರ, ಹಸು ಹೆಜ್ಜೆ ಇಟ್ಟರೆ ಜಾರಿದ ಹಾಗೆ. ಬ್ಲೂಯಿ ನೋಡಿದ ಕಣ್ಣಿಗೆ ಇದು ಸಪ್ಪೆ. ನಾನು ಇದನ್ನು ಕೊನೆಗೆ ಇಟ್ಟಿದ್ದೇ ಮಕ್ಕಳು ಐದು ನಿಮಿಷಕ್ಕೆ ಎದ್ದು ಹೋಗುತ್ತಾರೆ ಅಂತ.

ಮೊದಲ ದಿನವೇ ಮಳೆ ಜೋರಾಗಿ ಕರೆಂಟ್ ಹೋಯಿತು. ಸರಿಯಾಗಿ, ಪುಣ್ಯಕೋಟಿ ಕರುವಿಗೆ ಕೊನೆಯ ಸಲ ಹಾಲು ಕೊಡಲು ದೊಡ್ಡಿಗೆ ಬಂದ ಹೊತ್ತಿಗೆ. ಮಗಳು ಕತ್ತಲಲ್ಲಿ ನನ್ನ ತೊಡೆ ಹಿಡಿದು "ಹುಲಿ ತಿಂತಾ? ಹುಲಿ ತಿಂತಾ?" ಅಂತ ಬಿಡಲೇ ಇಲ್ಲ. ಮೇಣದಬತ್ತಿ ಹುಡುಕುವುದು ಬಿಟ್ಟು ಉಳಿದಿದ್ದನ್ನು ನಾನೇ ಹಾಡಿದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು, ಒಂದೆರಡು ಸಾಲು ಬಿಟ್ಟರೆ ಎಲ್ಲ ಬಂತು.

ಹಾಡುವಾಗ ನನಗೇ ಹೊಸದಾಗಿ ಕಂಡ ಒಂದು ವಿಷಯ ಇದೆ. ಇದರಲ್ಲಿ ಮಾತು ಮುರಿ ಅಂತ ಪುಣ್ಯಕೋಟಿಗೆ ಹೇಳುವವರು ಯಾರು? ಹುಲಿ ಅಲ್ಲ. ಅವಳ ಕರು. ಹೋಗಬೇಡಮ್ಮ, ಸುಮ್ಮನೆ ಇಲ್ಲೇ ಇದ್ದುಬಿಡು ಅನ್ನುತ್ತೆ. ಪ್ರೀತಿಯಿಂದ, ಹೆದರಿಕೆಯಿಂದ. ಅದಕ್ಕೆ ಇಲ್ಲ ಅನ್ನುವುದು ಎಷ್ಟು ಕಷ್ಟ! ಉಳಿದ ಯಾವ ಕಾರ್ಟೂನಿನಲ್ಲೂ ಇಷ್ಟು ದೂರ ಯಾರೂ ಹೋಗಿಲ್ಲ. ಕೋಕೋ ಅಲ್ಲಿಯವರೆಗೆ ಅರ್ಧ ದಾರಿ ಬರುತ್ತಾಳೆ ಅಷ್ಟೇ.

ಹಾಡು ಮುಗಿಯಿತು. ಹುಲಿ ಪ್ರಾಣ ಬಿಟ್ಟಿದ್ದಕ್ಕೆ ಮಗಳು ಅತ್ತಳು. ಹುಲಿಗಾಗಿ! ಅದು ಯಾಕೆ ಸಾಯಬೇಕಿತ್ತು ಅಂತ ಅವಳ ಜಗಳ. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಮಲಗುವ ಹೊತ್ತಿನಲ್ಲಿ ಐದು ವರ್ಷದವರಿಗೆ ಇದನ್ನು ಹಾಕಬೇಡಿ.

ಮಗ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಕರು ಕೆಟ್ಟದ್ದಾ ಅಮ್ಮ?"

"ಅಲ್ಲಪ್ಪ."

"ಮತ್ತೆ ಅದ್ರ ಮಾತು ಕೇಳ್ಲಿಲ್ಲ ಹಸು."

"ಹೂಂ, ಕೇಳ್ಲಿಲ್ಲ."

ಕರೆಂಟ್ ಬರುವವರೆಗೆ ಮತ್ತೆ ಮಾತಿಲ್ಲ.

ಈಗ ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನ ಬ್ಲೂಯಿ, ಮಗಳ ಹಠಕ್ಕೆ ಎರಡು ದಿನ ಭೀಮ್. ಡೋರೆಮಾನ್ ನಾನು ಜೊತೆಗೆ ಕೂತಾಗ ಮಾತ್ರ. ಹೆದರಿಕೆಯ ಬಗ್ಗೆ ಮಾತು ತೆಗೆಯಲು ಅದರಷ್ಟು ಒಳ್ಳೆಯದು ಇನ್ನೊಂದು ಸಿಕ್ಕಿಲ್ಲ. ಗೋವಿನ ಹಾಡಿಗೆ ಟಿವಿ ಹಾಕುವುದಿಲ್ಲ, ದೀಪ ಆರಿಸಿ ನಾನೇ ಹಾಡುತ್ತೇನೆ. ಹುಲಿಯ ಭಾಗ ಬಂದಾಗ ಮಗಳು ಕಿವಿ ಮುಚ್ಚಿಕೊಳ್ಳುತ್ತಾಳೆ.

ಕಾರ್ಡು? ಅಂಗಡಿಯವರಿಗೆ ನಾನೇ ದುಡ್ಡು ಕೊಟ್ಟು ಬರಬಹುದಿತ್ತು. ಕಾದೆ. ಮುಂದಿನ ವಾರ ಮಗ ತಾನೇ ಬಂದು, "ನಾನು ವಾಪಸ್ ಕೊಡ್ತೀನಿ, ಆದ್ರೆ ಅವನ ಹೆಸ್ರು ಹೇಳಲ್ಲ" ಅಂದ. ಅದು ಸರಿಯೋ ತಪ್ಪೋ ಅಂತ ನಾನೂ ಇವರೂ ರಾತ್ರಿ ಹನ್ನೊಂದರವರೆಗೆ ವಾದ ಮಾಡಿದೆವು. ಬೆಳಿಗ್ಗೆ ಮೂವರೂ ಒಂದೇ ಛತ್ರಿಯಲ್ಲಿ ಅಂಗಡಿಗೆ ಹೋದೆವು. ಬಾಗಿಲು ಇನ್ನೂ ತೆಗೆದಿರಲಿಲ್ಲ. ಮಗ ಕಾರ್ಡು ಒದ್ದೆ ಆಗದ ಹಾಗೆ ಅಂಗಿಯೊಳಗೆ ಹಿಡಿದುಕೊಂಡು ಶಟರ್ ಮುಂದೆ ನಿಂತುಕೊಂಡ.