ಮೊದಲು ಹೆಡ್‌ಫೋನ್, ಆಮೇಲೆ ಆಂಪ್: ಡಿಟಿ 770 ಪ್ರೋ ವರ್ಷಗಟ್ಟಲೆ ಬಳಸಿದ ಮೇಲೆ

ನನ್ನ ಹತ್ತಿರ ಇರುವುದು ಬೆಯರ್‌ಡೈನಾಮಿಕ್ ಡಿಟಿ 770 ಪ್ರೋ, 80 ಓಮ್‌ನದು. ಓದುವಾಗ ಕೊಂಡಿದ್ದು. ಈಗಲೂ ದಿನಾ ತಲೆ ಮೇಲೆ ಕೂರುತ್ತದೆ. ಇಷ್ಟು ದಿನದಲ್ಲಿ ಇದನ್ನು ಲ್ಯಾಪ್‌ಟಾಪಿನ ಜ್ಯಾಕಿಗೆ, ಆಪಲ್‌ನ ಯುಎಸ್‌ಬಿ-ಸಿ ಡಾಂಗಲ್‌ಗೆ (ಯುಎಸ್‌ಬಿ ಕಿಂಡಿಗೆ ಹೆಡ್‌ಫೋನ್ ಸಿಕ್ಕಿಸಲು ಬಳಸುವ ಪುಟ್ಟ ಅಡಾಪ್ಟರ್), ಗೆಳೆಯನೊಬ್ಬ ತಿಂಗಳುಗಟ್ಟಲೆ ನನ್ನ ಬಳಿ ಬಿಟ್ಟಿದ್ದ ಟೇಬಲ್ ಆಂಪ್‌ಗೆ (ಹೆಡ್‌ಫೋನಿಗೆ ಹೋಗುವ ಸಿಗ್ನಲ್‌ನ ಬಲ ಹೆಚ್ಚಿಸುವ ಪೆಟ್ಟಿಗೆ), ಹೀಗೆ ಮೂರಕ್ಕೂ ಸಿಕ್ಕಿಸಿ ಬೇಕಾದಷ್ಟು ಕೇಳಿದ್ದೇನೆ. ವಿದ್ಯಾರ್ಥಿಗಳ ಕೈಯಲ್ಲಿ ಇರುವ ದುಡ್ಡು ಒಂದೇ ಗಂಟು. ಅದನ್ನು ಹೆಡ್‌ಫೋನ್‌ಗೂ ಆಂಪ್‌ಗೂ ಅರ್ಧರ್ಧ ಹಂಚಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. ಪೂರ್ತಿ ಹೆಡ್‌ಫೋನ್‌ಗೇ ಹಾಕಿ. ಆಂಪ್ ಬೇಕಾ ಬೇಡವಾ ಅನ್ನೋದನ್ನು ಲೆಕ್ಕ ಹಾಕಿ ನೋಡಿ. ಹೆಚ್ಚಿನವರಿಗೆ ಬೇಕಾಗುವುದಿಲ್ಲ.

ಮಾಡೆಲ್ ಹುಡುಕುವ ಮೊದಲೇ ಓಪನ್ ಬ್ಯಾಕಾ, ಕ್ಲೋಸ್ಡ್ ಬ್ಯಾಕಾ ಅಂತ ತೀರ್ಮಾನ ಮಾಡಿಕೊಳ್ಳಿ. ಓಪನ್ ಬ್ಯಾಕ್‌ನಲ್ಲಿ ಹೊರಮೈ ಜಾಲರಿ. ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಹಿಂದಕ್ಕೆ ತಳ್ಳುವ ಸದ್ದು ಅಲ್ಲಿಂದ ಆಚೆ ಹೋಗುತ್ತದೆ. ಹಾಡು ತಲೆಯೊಳಗೇ ಗಿಜಿಗುಡದೆ ಸ್ವಲ್ಪ ಆಚೆ ನಿಂತು ಕೇಳಿಸುತ್ತದೆ, ನಿಜವಾಗಿಯೂ ಚೆನ್ನಾಗಿರುತ್ತದೆ. ಆದರೆ ನೀವು ಕೇಳುವುದನ್ನೆಲ್ಲ ಪಕ್ಕದ ಮಂಚದವನೂ ಕೇಳಬೇಕು, ಅವನ ಫೋನ್ ಮಾತು, ಗೊರಕೆ ಎಲ್ಲ ನಿಮ್ಮ ಹಾಡಿನ ಜೊತೆ ಬೆರೆಯುತ್ತದೆ. ಸೆನ್‌ಹೈಸರ್ ಎಚ್‌ಡಿ 600 ಬಂದಿದ್ದು 1997ರಲ್ಲಿ. ಈಗಲೂ ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಅಂಥದ್ದೇ ಆದರೂ ಹಂಚಿಕೊಂಡ ರೂಮಿಗೆ ಅದು ಹೊಂದುವುದಿಲ್ಲ. ಒಬ್ಬರೇ ಇರುವವರಾದರೆ ಮಾತು ಬೇರೆ. ಆಗ ಫಿಲಿಪ್ಸ್ ಎಸ್‌ಎಚ್‌ಪಿ9500 ಥರದ್ದನ್ನು ಮೊದಲು ನೋಡಿ. 32 ಓಮ್, ಫೋನಿನಲ್ಲೇ ಆರಾಮಾಗಿ ಓಡುತ್ತದೆ, ಕೇಬಲನ್ನು ಬಿಚ್ಚಿ ಬೇರೆ ಹಾಕಬಹುದು.

ನನಗೆ ಹಾಸ್ಟೆಲ್ ರೂಮು, ಅದಕ್ಕೇ ಹೊರಮೈ ಮುಚ್ಚಿರುವ ಕ್ಲೋಸ್ಡ್ ಬ್ಯಾಕ್.

ಈಗ ಲೆಕ್ಕ. ಯಾವ ಹೆಡ್‌ಫೋನ್‌ಗಾದರೂ ಎರಡು ಅಂಕಿ ಗೊತ್ತಿರಬೇಕು: ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಎಷ್ಟು ಓಮ್, ಸೆನ್ಸಿಟಿವಿಟಿ (ಕೊಟ್ಟ ಪವರ್‌ಗೆ ಎಷ್ಟು ಜೋರು ಸದ್ದು) ಎಷ್ಟು ಡೆಸಿಬಲ್. ನನ್ನದು 80 ಓಮ್, 1 ಮಿಲಿವ್ಯಾಟ್‌ಗೆ 96 ಡೆಸಿಬಲ್. ಆಪಲ್ ಡಾಂಗಲ್ ಪೂರ್ತಿ ವಾಲ್ಯೂಮ್‌ನಲ್ಲಿ ಸುಮಾರು 1 ವೋಲ್ಟ್ ಕೊಡುತ್ತದೆ. ವೋಲ್ಟನ್ನು ವರ್ಗ ಮಾಡಿ ಓಮ್‌ನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಇಲ್ಲಿ 1ನ್ನು 80ರಿಂದ ಭಾಗಿಸಿದರೆ 0.0125 ವ್ಯಾಟ್, ಅಂದರೆ 12.5 ಮಿಲಿವ್ಯಾಟ್. ಪವರ್ ಎರಡರಷ್ಟಾದರೆ 3 ಡೆಸಿಬಲ್ ಏರುತ್ತದೆ, ಹತ್ತರಷ್ಟಾದರೆ 10. ಹಾಗಾಗಿ 12.5ಕ್ಕೆ ಹತ್ತಿರಹತ್ತಿರ 11 ಡೆಸಿಬಲ್. 96ಕ್ಕೆ ಸೇರಿಸಿದರೆ 107.

107 ಸಾಕಾ? ಧಾರಾಳ. ಕಿವಿಯ ಸುರಕ್ಷತೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. 90ಕ್ಕೆ ಹೋದರೆ ವಾರಕ್ಕೆ 4 ಗಂಟೆ ಅಷ್ಟೇ. ನೀವು ಸರಾಸರಿ 80ರಲ್ಲಿ ಕೇಳುತ್ತೀರಿ ಅಂತಿಟ್ಟುಕೊಳ್ಳಿ. ಹಾಡಿನ ನಡುವೆ ಡ್ರಮ್ ಏಟು, ಮೃದಂಗದ ಎಡಗೈ ಪೆಟ್ಟು ಬಂದಾಗ ಒಂದು ಕ್ಷಣ 20 ಡೆಸಿಬಲ್ ಮೇಲೆ ಜಿಗಿದರೂ 100 ಆಯಿತು. ಆಗಲೂ ಡಾಂಗಲ್‌ನಲ್ಲಿ 7 ಡೆಸಿಬಲ್ ಉಳಿದಿರುತ್ತದೆ. ಇದೇ ಲೆಕ್ಕವನ್ನು ಆಡಿಯೊ-ಟೆಕ್ನಿಕಾ ಎಂ50ಎಕ್ಸ್‌ಗೆ ಹಾಕಿ ನೋಡಿ: 38 ಓಮ್, 99 ಡೆಸಿಬಲ್, ಹಾಗಾದರೆ 1 ವೋಲ್ಟ್‌ಗೆ 113. ಅದಕ್ಕೆ ಬೇರೆ ಆಂಪ್ ಯಾಕೆ?

ಒಂದು ಎಚ್ಚರಿಕೆ. ಕೆಲವು ಕಂಪನಿಗಳು ಸೆನ್ಸಿಟಿವಿಟಿಯನ್ನು ಮಿಲಿವ್ಯಾಟ್ ಲೆಕ್ಕದಲ್ಲಿ ಕೊಡುತ್ತವೆ, ಕೆಲವು ವೋಲ್ಟ್ ಲೆಕ್ಕದಲ್ಲಿ. ಅದನ್ನು ನೋಡದೆ ಎರಡನ್ನು ಹೋಲಿಸಿದರೆ ಲೆಕ್ಕ ಪೂರಾ ತಪ್ಪುತ್ತದೆ.

‘ಓಮ್ ಜಾಸ್ತಿ ಇದ್ದರೆ ಆಂಪ್ ಬೇಕೇ ಬೇಕು’ ಅನ್ನುವ ಮಾತು ಅರ್ಧ ಸತ್ಯ. ಇದೇ ಡಿಟಿ 770ರಲ್ಲಿ 250 ಓಮ್‌ನದೂ ಇದೆ. ಅದಕ್ಕೆ 1 ವೋಲ್ಟ್ ಕೊಟ್ಟರೆ 4 ಮಿಲಿವ್ಯಾಟ್, ಅಂದರೆ 102 ಡೆಸಿಬಲ್. ಕಡಿಮೆ, ಆದರೂ ಹಾಡು ಕೇಳಲು ನಡೆಯುತ್ತದೆ. ಇನ್ನೊಂದು ಕಡೆ ಹೈಫೈಮ್ಯಾನ್‌ನ ಎಚ್‌ಇ-6 ನೋಡಿ. ಬರೀ 50 ಓಮ್. ಸುಲಭದ್ದು ಅನ್ನಿಸುತ್ತದೆ ಅಲ್ವಾ? ಅದರ ಸೆನ್ಸಿಟಿವಿಟಿ 83.5 ಡೆಸಿಬಲ್. ನನ್ನ ಹೆಡ್‌ಫೋನ್ 12.5 ಮಿಲಿವ್ಯಾಟ್‌ನಲ್ಲಿ ಮುಟ್ಟುವ 107ನ್ನು ಮುಟ್ಟಲು ಅದಕ್ಕೆ ಸುಮಾರು 225 ಮಿಲಿವ್ಯಾಟ್ ಬೇಕು. ಯಾವ ಫೋನೂ ಅಷ್ಟು ಕೊಡುವುದಿಲ್ಲ. ಆಂಪ್‌ಗೆ ದುಡ್ಡು ಹಾಕಬೇಕಾದದ್ದು ಇಂಥ ಹೆಡ್‌ಫೋನ್ ಇದ್ದರೆ. ಓದುವವರ ಬಜೆಟ್‌ನಲ್ಲಿ ಇಂಥವು ಬರುವುದೇ ಅಪರೂಪ.

ಡಾಂಗಲ್ ವಿಷಯದಲ್ಲಿ ಒಂದು ಕಿರಿಕಿರಿ ಇದೆ. ಆಪಲ್ ಡಾಂಗಲನ್ನು ಆಂಡ್ರಾಯ್ಡ್ ಫೋನಿಗೆ ಹಾಕಿದರೆ ಬಹಳ ಸಲ ವಾಲ್ಯೂಮ್ ಪೂರ್ತಿ ಏರಿಸಿದರೂ ಸದ್ದು ಮೆಲ್ಲಗೇ ಇರುತ್ತದೆ. ಫೋನು ಡಾಂಗಲ್ ಒಳಗಿನ ವಾಲ್ಯೂಮನ್ನು ಕಡಿಮೆ ಮಟ್ಟದಲ್ಲೇ ಬಿಟ್ಟುಬಿಡುವುದು ಇದಕ್ಕೆ ಕಾರಣ. ಯುಎಸ್‌ಬಿ ಆಡಿಯೊ ಪ್ಲೇಯರ್ ಪ್ರೋ ಥರದ ಆಪ್ ಡಾಂಗಲನ್ನು ನೇರವಾಗಿ ಹಿಡಿದುಕೊಳ್ಳುತ್ತದೆ, ಆಗ ಸರಿಹೋಗುತ್ತದೆ. ಆದರೆ ಆ ಆಪ್‌ನಲ್ಲಿ ಓಡುವ ಹಾಡಿಗೆ ಮಾತ್ರ, ವಿಡಿಯೊಗೆ ಇಲ್ಲ. ಯುರೋಪಿನಲ್ಲಿ ಮಾರುವ ಎ2155 ಅನ್ನುವ ಮಾಡೆಲ್ ಕೊಡುವುದೇ ಅರ್ಧ ವೋಲ್ಟ್. ವೋಲ್ಟ್ ಅರ್ಧವಾದರೆ 6 ಡೆಸಿಬಲ್ ಹೋಯಿತು, ನನ್ನ 107 ಅಲ್ಲಿ 101ಕ್ಕೆ ಇಳಿಯುತ್ತದೆ. ಲ್ಯಾಪ್‌ಟಾಪಿನಲ್ಲಿ ಬಳಸುವವರಿಗೆ ಆಂಡ್ರಾಯ್ಡಿನ ಆ ತಲೆನೋವು ಇರುವುದಿಲ್ಲ.

ಗೆಳೆಯನ ಆಂಪ್‌ಗೆ ಬರುತ್ತೇನೆ. ಮೊದಲ ಸಲ ಸಿಕ್ಕಿಸಿದಾಗ ಎಲ್ಲರಿಗೂ ಅನ್ನಿಸುವಂತೆ ನನಗೂ ಅನ್ನಿಸಿತು: ಬೇಸ್ ತುಂಬಿ ಬಂತು, ಗಾಯಕರು ಹತ್ತಿರ ಬಂದರು. ಆದರೆ ಒಂದರಲ್ಲಿ ಸದ್ದು ಒಂದೇ ಒಂದು ಡೆಸಿಬಲ್ ಜಾಸ್ತಿ ಇದ್ದರೂ ಕಿವಿ ಅದನ್ನು ‘ಜೋರು’ ಅನ್ನುವುದಿಲ್ಲ, ‘ಚೆನ್ನಾಗಿದೆ’ ಅನ್ನುತ್ತದೆ. ಅದಕ್ಕೇ ಮಲ್ಟಿಮೀಟರ್ ತಂದೆವು. ಸ್ಪ್ಲಿಟರ್ ಹಾಕಿ, ಒಂದು ಕವಲಿಗೆ ಹೆಡ್‌ಫೋನ್, ಇನ್ನೊಂದಕ್ಕೆ ಹಳೇ ಇಯರ್‌ಫೋನಿನ ಕತ್ತರಿಸಿದ ವೈರು. ವೈರಿನ ತುದಿಯ ಬಣ್ಣದ ವಾರ್ನಿಶನ್ನು ಲೈಟರ್‌ನಿಂದ ಸುಟ್ಟು ಕೆರೆದು ಮೀಟರಿನ ಕಡ್ಡಿ ತಾಗಿಸಿದೆವು. 100 ಹರ್ಟ್ಸ್‌ನ ಟೋನ್ ಹಾಕಿದೆವು, ಯಾಕೆಂದರೆ ಅಗ್ಗದ ಮೀಟರುಗಳು ಎಸಿ ವೋಲ್ಟನ್ನು ಸರಿಯಾಗಿ ತೋರಿಸುವುದು ಆ ಆಸುಪಾಸಿನಲ್ಲೇ. ಡಾಂಗಲನ್ನು 0.50 ವೋಲ್ಟ್‌ಗೆ ನಿಲ್ಲಿಸಿ, ಆಂಪ್‌ನ ಗುಂಡಿಯನ್ನು ಅದೇ ಅಂಕಿ ಬರುವ ತನಕ ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋಗಬೇಕು. 0.56 ತೋರಿಸಿದರೂ ಒಂದು ಡೆಸಿಬಲ್ ಹೆಚ್ಚಾಗಿಬಿಡುತ್ತದೆ. ಎರಡೂ ಸಮ ಆದ ಮೇಲೆ ಅವನು ನನಗೆ ಕಾಣದಂತೆ ಬದಲಾಯಿಸುತ್ತಾ ಹೋದ. ಯಾವುದು ಯಾವುದು ಅಂತ ನನಗೆ ಹೇಳಲು ಆಗಲಿಲ್ಲ. ಆಮೇಲೆ ಅವನು ಕೂತ. ಅವನಿಗೂ ಆಗಲಿಲ್ಲ, ಆಂಪ್ ಅವನದೇ ಆಗಿದ್ದರಿಂದ ಸ್ವಲ್ಪ ಹೊತ್ತು ಮುಖ ಗಂಟಿಕ್ಕಿಕೊಂಡಿದ್ದ.

ಹಾಗಂತ ಆಂಪ್ ಎಲ್ಲ ಸುಳ್ಳು ಅಂತಲ್ಲ. ನನ್ನ ಹಳೇ ಲ್ಯಾಪ್‌ಟಾಪಿನ ಜ್ಯಾಕಿನಲ್ಲಿ ಚಾರ್ಜರ್ ಹಾಕಿದ ಕೂಡಲೇ ಗುಂಯ್ ಅನ್ನುವ ಸದ್ದು ಶುರುವಾಗುತ್ತಿತ್ತು. ಮೌಸ್ ಅಲ್ಲಾಡಿಸಿದರೆ ಚಿರ್ ಚಿರ್. ಅದು ಡಾಂಗಲ್‌ನಿಂದಲೇ ಹೋಯಿತು. ಇನ್ನೊಂದು ನಿಜವಾದ ಸಮಸ್ಯೆ ಔಟ್‌ಪುಟ್ ಇಂಪೀಡೆನ್ಸ್. ಜ್ಯಾಕಿನ ಒಳಗಿನ ಈ ಇಂಪೀಡೆನ್ಸ್ ಹೆಡ್‌ಫೋನಿನದ್ದರ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಅನ್ನುವುದು ರೂಢಿಯ ನಿಯಮ. 32 ಓಮ್‌ನದಕ್ಕೆ 4 ಓಮ್, ನನ್ನದಕ್ಕೆ 10. ಅದಕ್ಕಿಂತ ಜಾಸ್ತಿ ಇದ್ದರೆ, ಹೆಡ್‌ಫೋನಿನ ಇಂಪೀಡೆನ್ಸ್ ಯಾವ ಸ್ವರಗಳಲ್ಲಿ ಏರುತ್ತದೋ ಅಲ್ಲಿ ಸದ್ದೂ ಏರುತ್ತದೆ. ಸಾಮಾನ್ಯವಾಗಿ ಬೇಸ್‌ನಲ್ಲಿ, ಹಾಗಾಗಿ ಬೇಸ್ ಊದಿಕೊಳ್ಳುತ್ತದೆ. ಕೆಲವರು ಅದನ್ನೇ ‘ಬೆಚ್ಚಗಿನ ಸೌಂಡ್’ ಅಂತ ಇಷ್ಟಪಡುತ್ತಾರೆ, ಇಷ್ಟಪಡಲಿ. ಆಪಲ್ ಡಾಂಗಲ್‌ನದ್ದು ಸುಮಾರು 1 ಓಮ್, ಅಲ್ಲಿ ಚಿಂತೆ ಇಲ್ಲ.

ಒಳ್ಳೆಯ ಆಂಪ್ ದುಬಾರಿಯೇ ಆಗಿರಬೇಕು ಅನ್ನುವವರಿಗೆ ಒಂದು ಹಳೇ ಕತೆ. 2011ರಲ್ಲಿ ಎನ್‌ಡಬ್ಲ್ಯೂಎವಿಗೈ ಅನ್ನುವ ಅಡ್ಡಹೆಸರಿನಲ್ಲಿ ಬರೆಯುತ್ತಿದ್ದ ಒಬ್ಬರು ಆಬ್ಜೆಕ್ಟಿವ್2 ಅನ್ನುವ ಆಂಪ್‌ನ ಸರ್ಕ್ಯೂಟನ್ನು ಅಳತೆಗಳ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟರು. ಸುಲಭಕ್ಕೆ ಸಿಗುವ ಬಿಡಿಭಾಗಗಳಿಂದಲೇ ಮಾಡಬಹುದಾದ ಪೆಟ್ಟಿಗೆ ಅದು. ಮರುವರ್ಷ ಅವರು ಬರೆಯುವುದನ್ನು ನಿಲ್ಲಿಸಿ ಕಾಣೆಯಾದರು. ಆ ಸರ್ಕ್ಯೂಟಿನ ಆಂಪ್ ಮಾತ್ರ ಆಮೇಲೂ ತಯಾರಾಗುತ್ತಲೇ ಇತ್ತು.

ವರ್ಷಗಟ್ಟಲೆ ಬಳಸಿದ ಮೇಲೆ ಸೌಂಡ್ ಬದಲಾಯಿಸಿದ್ದು ಯಾವುದು ಗೊತ್ತಾ? ಇಯರ್‌ಪ್ಯಾಡ್. ಇದರ ಬೂದು ಬಣ್ಣದ ಮಖಮಲ್ಲಿನಂಥ ಪ್ಯಾಡು ಕಿವಿಗೆ ಹಿತ, ಬೆವರೂ ಕಡಿಮೆ. ಆದರೆ ಒಳಗಿನ ಫೋಮ್ ದಿನ ಕಳೆದಂತೆ ಕುಸಿಯುತ್ತದೆ. ಅದು ಎಷ್ಟು ನಿಧಾನ ಅಂದರೆ ಗೊತ್ತೇ ಆಗುವುದಿಲ್ಲ. ಕಿವಿ ಡ್ರೈವರ್‌ಗೆ ಹತ್ತಿರವಾಗುತ್ತದೆ, ಸುತ್ತ ಗಾಳಿ ಸೋರುತ್ತದೆ, ಸೌಂಡ್ ಮೊದಲಿನ ಹಾಗೆ ಇರುವುದಿಲ್ಲ. ಕ್ಲೋಸ್ಡ್ ಬ್ಯಾಕ್‌ನಲ್ಲಿ ಬೇಸ್ ನಿಂತಿರುವುದೇ ಈ ಬಿಗಿಯ ಮೇಲೆ. ಕನ್ನಡಕ ಹಾಕುವವರು ಇದನ್ನು ಈಗಲೇ ಪರೀಕ್ಷಿಸಬಹುದು: ಹಾಡು ಓಡುತ್ತಿರುವಾಗ ಕನ್ನಡಕ ತೆಗೆದು ನೋಡಿ, ಬೇಸ್ ತಕ್ಷಣ ಮೇಲೇಳುತ್ತದೆ. ದಪ್ಪ ಕಡ್ಡಿಯ ಫ್ರೇಮ್ ಆದರೆ ಇನ್ನೂ ಜಾಸ್ತಿ. ಹೊಸ ಪ್ಯಾಡ್ ಹಾಕುವುದು ಕೈಗೆ ಸ್ವಲ್ಪ ಕೆಲಸ. ಪ್ಯಾಡಿನ ಹಿಂದೆ ತೆಳ್ಳನೆಯ ಬಟ್ಟೆಯ ಅಂಚು ಇದೆ, ಅದನ್ನು ಕಪ್‌ನ ಸುತ್ತಲಿನ ಸಂದಿಯೊಳಗೆ ಒಂದು ಕಡೆಯಿಂದ ತೂರಿಸಿ ಹೆಬ್ಬೆರಳಿನಲ್ಲಿ ಸುತ್ತ ತಳ್ಳುತ್ತಾ ಬರಬೇಕು. ಮುಕ್ಕಾಲು ಸುತ್ತು ಆದಾಗ ಶುರುವಿನದು ಹೊರಗೆ ಜಾರುತ್ತದೆ, ಅದನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದಿರಿ. ಪ್ಯಾಡ್ ಬಿಡಿಯಾಗಿ ಸಿಗುತ್ತದೆ. ಈ ಹೆಡ್‌ಫೋನ್ ಆರಿಸಲು ನನಗೆ ಇದ್ದ ದೊಡ್ಡ ಕಾರಣ ಇದೇ. ಮೊದಲು ಬಳಸುತ್ತಿದ್ದ ಬೇರೊಂದು ಕಂಪನಿಯದ್ದರಲ್ಲಿ ಕೃತಕ ಚರ್ಮ ಸಿಪ್ಪೆ ಎದ್ದು ಕಿವಿ, ಕುತ್ತಿಗೆಗೆಲ್ಲ ಕಪ್ಪು ಚೂರು ಅಂಟುತ್ತಿತ್ತು. ಅದಕ್ಕೆ ಬದಲಿ ಪ್ಯಾಡೇ ಇರಲಿಲ್ಲ.

ಕೇಬಲ್ ಕಪ್‌ಗೇ ಬೆಸೆದಿದೆ, ಬಿಚ್ಚಲು ಬರುವುದಿಲ್ಲ. ಉದ್ದ 3 ಮೀಟರ್. ಸ್ಟುಡಿಯೊಗೆ ಸರಿ, ಟೇಬಲ್ ಮುಂದೆ ಕೂರುವವರಿಗೆ ಅರ್ಧ ನೆಲದ ಮೇಲೆ. ನಾನು ಎರಡು ವೆಲ್ಕ್ರೋ ಪಟ್ಟಿಯಲ್ಲಿ ಸುತ್ತಿ ಕಟ್ಟಿದ್ದೇನೆ. ಕುರ್ಚಿ ಚಕ್ರದ ಕೆಳಗೆ ಸಿಗದ ಹಾಗೆ ನೋಡಿಕೊಳ್ಳಿ, ತುಂಡಾದರೆ ಬೆಸುಗೆ ಹಾಕುವುದೇ ದಾರಿ. 2024ರಲ್ಲಿ ಬಂದ ಡಿಟಿ 770 ಪ್ರೋ ಎಕ್ಸ್‌ನಲ್ಲಿ ಮಿನಿ ಎಕ್ಸ್‌ಎಲ್‌ಆರ್ ಪಿನ್ನಿನ ಬಿಚ್ಚುವ ಕೇಬಲ್ ಕೊಟ್ಟಿದ್ದಾರೆ, ಇಂಪೀಡೆನ್ಸ್ 48 ಓಮ್. ಬೆಲೆ ಹತ್ತಿರಹತ್ತಿರ ಇದ್ದರೆ ಅದನ್ನೇ ತೆಗೆದುಕೊಳ್ಳಿ. ನನ್ನದರ ತೂಕ, ತಲೆಪಟ್ಟಿ ಎಲ್ಲ ಆರಾಮು, ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಸೌಂಡ್ ಹೇಗೆ? ಬೇಸ್ ಹಾಗೂ ಟ್ರೆಬಲ್ ಎರಡೂ ಎದ್ದು ನಿಂತು ನಡುವಿನ ಧ್ವನಿ ಒಂದು ಹೆಜ್ಜೆ ಹಿಂದೆ ಸರಿದಿರುತ್ತದೆ. ತಂಬೂರಿಯ ನಾದ ಎಳೆಎಳೆಯಾಗಿ ಕೇಳಿಸುತ್ತದೆ. ಆದರೆ ಹತ್ತಿರದಿಂದ ಮೈಕ್ ಹಿಡಿದ ಗಾಯಕಿಯ ಸ, ಶ ಚುಚ್ಚುತ್ತವೆ. 8 ಕಿಲೋಹರ್ಟ್ಸ್ ಆಸುಪಾಸಿನ ಏರಿಕೆ ಇದಕ್ಕೆ ಕಾರಣ. ದುಡ್ಡಿಲ್ಲದೆ ಸರಿಮಾಡುವ ದಾರಿ ಇದೆ: ಬೇಸ್, ಟ್ರೆಬಲ್ ಥರದ ಒಂದೊಂದು ಭಾಗವನ್ನು ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರ್ ಆಪ್. ವಿಂಡೋಸ್‌ನಲ್ಲಿ ಈಕ್ವಲೈಸರ್ ಎಪಿಒ, ಆಂಡ್ರಾಯ್ಡಿನಲ್ಲಿ ವೇವ್‌ಲೆಟ್. ಆಟೋಇಕ್ಯೂ ಅನ್ನುವ ಉಚಿತ ಯೋಜನೆಯಲ್ಲಿ ಸಾವಿರಾರು ಹೆಡ್‌ಫೋನ್‌ಗಳಿಗೆ ಸಿದ್ಧ ಸೆಟ್ಟಿಂಗ್ ಸಿಗುತ್ತವೆ. ಅದನ್ನು ಹಾಕಿ ಕೇಳಿದ ದಿನ ಆದಷ್ಟು ಬದಲಾವಣೆ ಆಂಪ್ ತಂದ ದಿನ ಆಗಿರಲಿಲ್ಲ. 2017ರಲ್ಲಿ ಯೆರೂನ್ ಬ್ರೀಬಾರ್ಟ್ ಅನ್ನುವ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆ ಮಾಡಿ, ಬೆಲೆಗೂ ಫ್ರೀಕ್ವೆನ್ಸಿ ರೆಸ್ಪಾನ್ಸ್‌ಗೂ (ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆ ಅನ್ನುವುದಕ್ಕೂ) ಸಂಬಂಧ ಕಾಣಲಿಲ್ಲ ಅಂತ ಪ್ರಕಟಿಸಿದ್ದರು. ಜೇಬು ಹಗುರ ಇರುವವರಿಗೆ ಇದಕ್ಕಿಂತ ಸಿಹಿ ಸುದ್ದಿ ಬೇಕಾ?

ಈಕ್ವಲೈಸರ್‌ನಲ್ಲಿ ಒಂದು ಕಡೆ 6 ಡೆಸಿಬಲ್ ಏರಿಸಿದರೆ ಒಟ್ಟು ಮಟ್ಟವನ್ನು 6 ಇಳಿಸಬೇಕು, ಇಲ್ಲದಿದ್ದರೆ ಸದ್ದು ಒಡೆಯುತ್ತದೆ. ನನ್ನ 107 ಅಲ್ಲಿಗೆ 101 ಆಯಿತು. ಇದರ ಮೇಲೆ ಡಾಂಗಲ್ ಅರ್ಧ ವೋಲ್ಟಿನದು, ಹೆಡ್‌ಫೋನ್ 250 ಓಮ್‌ನದು ಅಂದರೆ 90ಕ್ಕೆ ಬಂದು ನಿಲ್ಲುತ್ತದೆ. ಆಗ ಆಂಪ್ ಕೊಳ್ಳಿ, ಖಂಡಿತ ಬೇಕು.

ಇಷ್ಟಕ್ಕೂ ಬಜೆಟ್ ಮುಟ್ಟದಿದ್ದರೆ ಕಾಸ್ ಕೆಎಸ್‌ಸಿ75 ನೋಡಿ. ಕಿವಿಗೆ ಸಿಕ್ಕಿಸುವಂಥದ್ದು, 60 ಓಮ್, 101 ಡೆಸಿಬಲ್. ಹೊರಗಿನ ಸದ್ದು ತಡೆಯುವುದಿಲ್ಲ, ಸೌಂಡ್ ಮಾತ್ರ ಬೆಲೆಗೆ ಮೀರಿದ್ದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೋನೊ ಟೋನ್ (ಎರಡೂ ಕಿವಿಗೆ ಒಂದೇ ಸದ್ದು) ಹಾಕಿ ಸದ್ದು ಸರಿಯಾಗಿ ತಲೆಯ ನಡುವೆ ನಿಲ್ಲುತ್ತದಾ ನೋಡಿ. 30 ಹರ್ಟ್ಸ್‌ನಿಂದ ನಿಧಾನ ಏರುವ ಟೋನ್ ಹಾಕಿದಾಗ ಗರಗರ ಅಂದರೆ ಡ್ರೈವರ್ ಮೇಲೆ ಕೂದಲು ಬಿದ್ದಿರಬಹುದು, ಅದನ್ನು ತೆಗೆಯಬಹುದು. ಕೇಬಲನ್ನು ಪ್ಲಗ್ಗಿನ ಹತ್ತಿರ, ಕಪ್‌ನ ಹತ್ತಿರ ಬಗ್ಗಿಸಿದಾಗ ಒಂದು ಕಡೆ ಸದ್ದು ಕಡಿದುಹೋದರೆ ಮಾತ್ರ ಬೇಡ ಅಂದುಬಿಡಿ.