ಮೂರು ವರ್ಷ, ನಾಲ್ಕು ಪ್ಲಾನ್: ದಿನಕ್ಕೆ 2 ಜಿಬಿ ನನಗೆ ಯಾಕೆ ಬೇಕಿತ್ತು?

ಈಗಿರುವ ಮೊಬೈಲ್ ಪ್ಲಾನ್‌ಗೆ ಬಂದು ಹನ್ನೊಂದು ತಿಂಗಳಾಯಿತು. ಅದಕ್ಕೂ ಮುಂಚೆ ಸುಮಾರು ಎರಡೂವರೆ ವರ್ಷದಲ್ಲಿ ಮೂರು ಪ್ಲಾನ್ ನೋಡಿದ್ದೇನೆ. ಮೂರರಲ್ಲೂ ದುಡ್ಡು ಕಳೆದುಕೊಂಡೆ, ಒಂದೊಂದರಲ್ಲಿ ಒಂದೊಂದು ರೀತಿ. ಹಾಗಾಗಿ ಈಗಿನದು ಹೇಗಿದೆ ಅಂತ ಹೇಳಬೇಕಾದರೆ ಹಿಂದಿನ ಮೂರರ ಕತೆಯನ್ನೂ ಹೇಳಬೇಕು. ಕಂಪನಿಗಳ ಹೆಸರು ಬರೆಯುತ್ತಿಲ್ಲ. ನನ್ನ ಮನೆಯಲ್ಲಿ ಚೆನ್ನಾಗಿ ಬರುವ ಸಿಗ್ನಲ್ ನಿಮ್ಮ ಮನೆಯಲ್ಲಿ ಬರದೇ ಇರಬಹುದು. ಹೆಸರು ಹೇಳಿ ಏನು ಪ್ರಯೋಜನ?

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಥರದ್ದು. ದಿನಕ್ಕೆ 2 ಜಿಬಿ, ಕರೆ ಎಷ್ಟಾದರೂ ಮಾಡಬಹುದು, ವ್ಯಾಲಿಡಿಟಿ 28 ದಿನ. ಹದಿನಾಲ್ಕು ತಿಂಗಳು ಇದನ್ನೇ ಹಾಕಿಸುತ್ತಾ ಹೋದೆ. 28 ದಿನ ಅಂದರೆ ಹೆಚ್ಚುಕಡಿಮೆ ಒಂದು ತಿಂಗಳು ಅಂತಲೇ ನನ್ನ ತಲೆಯಲ್ಲಿತ್ತು. ಒಂದು ದಿನ ಬ್ಯಾಂಕ್ ಆ್ಯಪ್‌ನಲ್ಲಿ ಹಳೆಯ ಖರ್ಚು ನೋಡುತ್ತಿದ್ದಾಗ ಒಂದೇ ತಿಂಗಳಲ್ಲಿ ಎರಡು ಸಲ ರೀಚಾರ್ಜ್ ಕಂಡಿತು. 1ನೇ ತಾರೀಖು ಒಂದು, 29ಕ್ಕೆ ಇನ್ನೊಂದು. ಮೊದಲು ಏನೋ ತಪ್ಪಾಗಿ ಕಟ್ ಆಗಿದೆ ಅಂದುಕೊಂಡೆ. ತಪ್ಪೇನೂ ಇಲ್ಲ. 28 ಅನ್ನು 13ರಿಂದ ಗುಣಿಸಿದರೆ 364. ವರ್ಷಕ್ಕೆ ಸಂಬಳ 12 ಸಲ, ರೀಚಾರ್ಜ್ 13 ಸಲ!

ಅವತ್ತಿನಿಂದ ನಾನು ಪ್ಲಾನ್‌ನ ಬೆಲೆ ನೋಡುವುದನ್ನೇ ಬಿಟ್ಟೆ. ಬೆಲೆಯನ್ನು ದಿನಗಳಿಂದ ಭಾಗಿಸಿ, ದಿನಕ್ಕೆ ಎಷ್ಟು ಬೀಳುತ್ತದೆ ಅಂತ ನೋಡುತ್ತೇನೆ. ಲೆಕ್ಕಕ್ಕೆ ಸುಲಭವಾಗಲಿ ಅಂತ 28 ದಿನದ ಪ್ಲಾನ್ ಬೆಲೆ 100 ಅಂತ ಇಟ್ಟುಕೊಳ್ಳಿ. ದಿನಕ್ಕೆ 3.57 ಆಯಿತು. ಪಕ್ಕದಲ್ಲೇ 30 ದಿನದ ಪ್ಲಾನ್ 105 ಇದೆ. ನೋಡಿದ ತಕ್ಷಣ ಇದು ದುಬಾರಿ ಅನಿಸುತ್ತದೆ, ಅಲ್ವಾ? ಭಾಗಿಸಿ ನೋಡಿ, ದಿನಕ್ಕೆ ಬರೀ 3.50. ಬೆಲೆ ಜಾಸ್ತಿ, ಆದರೂ ಅಗ್ಗ. 84 ದಿನದ್ದನ್ನು ಮೂರು ತಿಂಗಳು ಅಂತ ತಿಳಿಯುವುದೂ ಇದೇ ತಪ್ಪು. ಅದು 28ರ ಮೂರು ಪಟ್ಟು ಅಷ್ಟೇ, ಮೂರು ತಿಂಗಳಿಗೆ ಇನ್ನೂ ಏಳೆಂಟು ದಿನ ಬೇಕು.

ಈ ಲೆಕ್ಕ ಕಲಿತ ಹುಮ್ಮಸ್ಸಿನಲ್ಲೇ ಎರಡನೇ ತಪ್ಪು ಮಾಡಿದೆ. ದಿನಕ್ಕೆ ತುಂಬಾ ಕಡಿಮೆ ಬೀಳುತ್ತದೆ ಅಂತ ಅದೇ ಕಂಪನಿಯ ಒಂದು ವರ್ಷದ ಪ್ಲಾನ್ ಒಟ್ಟಿಗೇ ಹಾಕಿಸಿಬಿಟ್ಟೆ. ಅದೇ ದಿನಕ್ಕೆ 2 ಜಿಬಿ. ಇನ್ನು ವರ್ಷಪೂರ್ತಿ ತಲೆನೋವಿಲ್ಲ ಅಂದುಕೊಂಡೆ.

ಎರಡು ತಿಂಗಳಾಗಿತ್ತು. ಮನೆಯಲ್ಲಿ ಬೆಳಿಗ್ಗೆಯಿಂದ ಕರೆಂಟ್ ಇಲ್ಲ, ವೈಫೈ ಇಲ್ಲ. ಫೋನಿನ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪ್‌ನಲ್ಲಿ ಕೆಲಸಕ್ಕೆ ಕೂತೆ. ಲ್ಯಾಪ್‌ಟಾಪ್‌ಗೇನು ಗೊತ್ತು, ಅದರ ಪಾಲಿಗೆ ಹಾಟ್‌ಸ್ಪಾಟ್ ಕೂಡ ವೈಫೈಯೇ. ನನಗೆ ಹೇಳದೆ ಕೇಳದೆ ಅಪ್‌ಡೇಟ್ ಇಳಿಸಿಕೊಳ್ಳಲು ಶುರು ಮಾಡಿತು. ಹನ್ನೊಂದು ಗಂಟೆಗೆ ಮೆಸೇಜ್ ಬಂತು, ಇವತ್ತಿನ ಡೇಟಾ ಪೂರ್ತಿ ಮುಗಿದಿದೆ, ಇನ್ನು ಮೇಲೆ ವೇಗ 64 ಕೆಬಿಪಿಎಸ್ ಅಂತ. ಹನ್ನೊಂದೂಕಾಲಿಗೆ ನಾನೊಂದು ಪಿಡಿಎಫ್ ಕಳಿಸಬೇಕಿತ್ತು. ಬರೀ 3 ಎಂಬಿ. 64 ಕೆಬಿಪಿಎಸ್ ಅಂದರೆ ಸೆಕೆಂಡಿಗೆ 8 ಕೆಬಿ. 3 ಎಂಬಿ ಹೋಗಲು ಆರು ನಿಮಿಷಕ್ಕಿಂತ ಜಾಸ್ತಿ ಬೇಕು, ಅದೂ ನಡುವೆ ಎಲ್ಲೂ ನಿಲ್ಲದಿದ್ದರೆ. ನನ್ನದು ನಿಂತಿತು. ಆ ನೀಲಿ ಗೆರೆ ಮುಕ್ಕಾಲು ಭಾಗಕ್ಕೆ ಬರುವುದು, ಹಿಂದಕ್ಕೆ ಹೋಗಿ ಮತ್ತೆ ಮೊದಲಿನಿಂದ ಶುರುವಾಗುವುದು. ಕೊನೆಗೆ ಟಾಪ್-ಅಪ್ ಹಾಕಿಸಿದೆ. ಜಿಬಿ ಲೆಕ್ಕದಲ್ಲಿ ನೋಡಿದರೆ ಮೂಗಿಗಿಂತ ಮೂಗುತಿ ಭಾರ.

ಆ ರಾತ್ರಿ ಕೂತು ಯೋಚಿಸಿದೆ. ದಿನಕ್ಕೆ 2 ಜಿಬಿ ಅಂದರೆ 28 ದಿನಕ್ಕೆ 56 ಜಿಬಿ. ಅಷ್ಟಕ್ಕೆ ದುಡ್ಡು ಕೊಟ್ಟವನು ನಾನು, 3 ಎಂಬಿ ಕಳಿಸಲಾಗದೆ ಒದ್ದಾಡಿದ್ದೂ ನಾನೇ. ಹಾಗಾದರೆ ನಾನು ನಿಜವಾಗಿ ಎಷ್ಟು ಬಳಸುತ್ತೇನೆ? ಇಷ್ಟು ದಿನ ಆ ಪ್ರಶ್ನೆಯೇ ಬಂದಿರಲಿಲ್ಲ. ಉತ್ತರ ಮಾತ್ರ ಫೋನಿನೊಳಗೇ ಇತ್ತು. ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆ ಅಂತ ಇರುತ್ತದಲ್ಲ, ಅಲ್ಲಿ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಕತೆ. ಆಂಡ್ರಾಯ್ಡ್‌ನಲ್ಲಿ ಲೆಕ್ಕ ಶುರುವಾಗುವ ತಾರೀಖನ್ನು ನಾವೇ ಬದಲಾಯಿಸಬಹುದು. ಐಫೋನ್‌ನಲ್ಲಿ ತಾನಾಗಿ ಬದಲಾಗುವುದಿಲ್ಲ, ರೀಚಾರ್ಜ್ ಮಾಡಿದ ದಿನ ನೆನಪಿಟ್ಟುಕೊಂಡು ಲೆಕ್ಕವನ್ನು ಸೊನ್ನೆಗೆ ತರಬೇಕು.

ಮೂರು ತಿಂಗಳು ದಿನವೂ ರಾತ್ರಿ ಮಲಗುವ ಮುಂಚೆ ಆ ಅಂಕಿ ಬರೆದಿಟ್ಟೆ. ಹಾಲಿನ ಲೆಕ್ಕ ಬರೆದ ಹಾಗೆ. ಒಂದು ತಿಂಗಳು 11 ಜಿಬಿ, ಒಂದು ತಿಂಗಳು 14, ಒಂದು ತಿಂಗಳು 17. ಯಾವಾಗಲೂ 20ರ ಒಳಗೇ. ಆದರೆ ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಒಟ್ಟು ಮೊತ್ತ ಅಲ್ಲ. 14 ಜಿಬಿ ಆದ ತಿಂಗಳಲ್ಲಿ 22 ದಿನ ನಾನು ಬಳಸಿದ್ದು ದಿನಕ್ಕೆ ಸುಮಾರು 300 ಎಂಬಿ ಅಷ್ಟೇ. ಮನೆಯಲ್ಲೂ ಆಫೀಸಿನಲ್ಲೂ ವೈಫೈ ಇದೆ, ಇನ್ನೆಷ್ಟು ಬೇಕು? ಮೂರು ದಿನ ಮಾತ್ರ 2 ಜಿಬಿ ಪೂರ್ತಿ ಖಾಲಿ. ಆ ಮೂರೂ ದಿನ ಪ್ರಯಾಣದಲ್ಲಿದ್ದೆ, ಇಲ್ಲವೇ ಕರೆಂಟ್ ಹೋಗಿತ್ತು.

ದಿನದ ಕೋಟಾದ ಒಳಗುಟ್ಟು ಇದೇ. ಉಳಿದ 1.7 ಜಿಬಿ ಮಧ್ಯರಾತ್ರಿ 12ಕ್ಕೆ ಮಾಯ. ಬೇಡವಾದ ದಿನ ಕೊಟ್ಟು ಕಿತ್ತುಕೊಳ್ಳುತ್ತದೆ, ಬೇಕಾದ ದಿನ ಕೈ ಎತ್ತುತ್ತದೆ. ದಿನವೂ ಒಂದೇ ಥರ ವಿಡಿಯೋ ನೋಡುವವರಿಗೆ, ಮನೆಯಲ್ಲಿ ವೈಫೈ ಇಲ್ಲದೆ ಫೋನನ್ನೇ ನಂಬಿದವರಿಗೆ ಇದು ಒಳ್ಳೆಯ ಪ್ಲಾನ್, ಅದರಲ್ಲಿ ಅನುಮಾನ ಇಲ್ಲ. ಎಚ್‌ಡಿ ವಿಡಿಯೋ ಗಂಟೆಗೆ 2ರಿಂದ 3 ಜಿಬಿ ತಿನ್ನಬಹುದು, ಅವರಿಗೆ ದಿನದ ಕೋಟಾ ಉಳಿಯುವ ಪ್ರಶ್ನೆಯೇ ಇಲ್ಲ. ನನ್ನಂಥವನಿಗೆ ಒಟ್ಟು ಡೇಟಾ ಕೊಡುವ ಪ್ಲಾನ್ ಬೇಕು. ತಿಂಗಳಿಗೆ ಇಷ್ಟು, ಯಾವತ್ತು ಬೇಕಾದರೂ ಬಳಸಿಕೋ ಅನ್ನುವಂಥದ್ದು.

ಸರಿ, ಬದಲಾಯಿಸೋಣ ಅಂದರೆ ವರ್ಷದ ಪ್ಲಾನ್ ಇನ್ನೂ ಮುಗಿದಿಲ್ಲ. ಅಷ್ಟರಲ್ಲಿ ಮನೆ ಬದಲಾಯಿಸಿದೆ. ಹೊಸ ಮನೆಯಲ್ಲಿ ಆ ಕಂಪನಿಯ ಸಿಗ್ನಲ್ ಸಿಗುವುದು ಕಿಟಕಿ ಹತ್ತಿರ ಮಾತ್ರ. ಅಡುಗೆಮನೆಗೆ ಹೋದರೆ ಕರೆ ಕಟ್. ಬ್ಯಾಟರಿಯೂ ಬೇಗ ಇಳಿಯತೊಡಗಿತು. ಸಿಗ್ನಲ್ ಕ್ಷೀಣವಾದಷ್ಟೂ ಫೋನ್ ಟವರ್‌ಗೆ ಜೋರಾಗಿ ಕೂಗಬೇಕು, ಅದಕ್ಕೇ. ಕಸ್ಟಮರ್ ಕೇರ್‌ಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ಫೋನ್ ಆಫ್ ಮಾಡಿ ಆನ್ ಮಾಡಿ ಅಂದರು. ಏಳನೇ ತಿಂಗಳಿಗೆ ನಂಬರ್ ಪೋರ್ಟ್ ಮಾಡಿಸಿದೆ. ಮುಂಗಡ ಕಟ್ಟಿದ್ದ ಐದು ತಿಂಗಳ ದುಡ್ಡು ಅಲ್ಲೇ ಹೋಯಿತು. ದಿನಕ್ಕೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿದ್ದೆನಲ್ಲ, 12 ತಿಂಗಳ ದುಡ್ಡನ್ನು 7 ತಿಂಗಳಿಗೆ ಹಂಚಿ ನೋಡಿದರೆ 28 ದಿನದ ಪ್ಲಾನೇ ಎಷ್ಟೋ ವಾಸಿ ಇತ್ತು.

ಸಿಗ್ನಲ್ ವಿಷಯಕ್ಕೆ ಬಂದಾಗ ಫೋನಿನ ಮೇಲಿನ ಆ ನಾಲ್ಕು ಕಡ್ಡಿಗಳನ್ನು ನಂಬಬೇಡಿ. ಯಾವ ಫೋನ್ ಎಷ್ಟಕ್ಕೆ ಎಷ್ಟು ಕಡ್ಡಿ ತೋರಿಸಬೇಕು ಅನ್ನುವುದಕ್ಕೆ ಒಂದೇ ಅಳತೆ ಇಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ಒಳಗೆ ಡಿಬಿಎಂ ಅಂತ ಸಿಗ್ನಲ್‌ನ ಬಲ ಹೇಳುವ ಒಂದು ಅಂಕಿ ಸಿಗುತ್ತದೆ, ಮೈನಸ್‌ನಲ್ಲಿ. 4ಜಿಯಲ್ಲಿ ಮೈನಸ್ 85ರ ಆಸುಪಾಸು ಇದ್ದರೆ ಚೆನ್ನಾಗಿದೆ, ಮೈನಸ್ 115 ಅಂದರೆ ಕಷ್ಟ. ಪ್ರತಿ 10ಕ್ಕೆ ಸಿಗ್ನಲ್ ಹತ್ತು ಪಟ್ಟು ಕಮ್ಮಿಯಾಗುತ್ತದೆ, ಹಾಗಾಗಿ 95ಕ್ಕೂ 105ಕ್ಕೂ ದೊಡ್ಡ ವ್ಯತ್ಯಾಸ. ಈ ಸಲ ಪೋರ್ಟ್ ಮಾಡುವ ಮುಂಚೆ ಬೇರೆ ಬೇರೆ ಕಂಪನಿಯ ಸಿಮ್ ಇರುವ ಇಬ್ಬರು ಗೆಳೆಯರನ್ನು ಮನೆಗೆ ಕರೆದೆ. ಕಾಫಿ ಕೊಡುವುದಕ್ಕೂ ಮುಂಚೆ ಅವರ ಫೋನ್ ಹಿಡಿದು ಹಾಸಿಗೆ ಪಕ್ಕ, ಅಡುಗೆಮನೆ, ಬಚ್ಚಲಮನೆ ಬಾಗಿಲು, ಎಲ್ಲಾ ಕಡೆ ಓಡಾಡಿದೆ. ಹೊರಗೆ 5ಜಿ ಭರ್ಜರಿಯಾಗಿ ಬರುತ್ತಿದ್ದ ಫೋನ್ ಒಳಕೋಣೆಯಲ್ಲಿ 4ಜಿಗೆ ಇಳಿಯಿತು. 5ಜಿಗೆ ಹೆಚ್ಚು ಬಳಕೆಯಲ್ಲಿರುವ 3.5 ಗಿಗಾಹರ್ಟ್ಸ್ ಅಲೆಗಳು ಗೋಡೆ ದಾಟುವಾಗ ಸೊರಗುತ್ತವೆ. 700, 800, 900 ಮೆಗಾಹರ್ಟ್ಸ್‌ನವು ಹಾಗಲ್ಲ, ಗೋಡೆ ದಾಟಿ ಒಳಗೆ ಬರುತ್ತವೆ. ಮನೆಯೊಳಗೆ ಬರದ 5ಜಿಯನ್ನು ಪ್ಲಾನ್‌ನಲ್ಲಿ ಎಷ್ಟು ಧಾರಾಳವಾಗಿ ಕೊಟ್ಟರೂ ನನಗೇನು ಲಾಭ?

ಮೂರನೆಯದು ಸ್ವಂತ ಟವರ್ ಇಲ್ಲದ ಕಂಪನಿಯದ್ದು. ಇವರು ದೊಡ್ಡ ಕಂಪನಿಯ ನೆಟ್‌ವರ್ಕನ್ನೇ ಸಗಟಿನಲ್ಲಿ ಕೊಂಡು ನಮಗೆ ಚಿಲ್ಲರೆಯಾಗಿ ಮಾರುತ್ತಾರೆ. ಟವರ್ ಅದೇ, ಸಿಗ್ನಲ್ ಅದೇ, ಬೆಲೆ ತುಂಬಾ ಕಡಿಮೆ. ತಿಂಗಳಿಗೆ ಒಟ್ಟು 12 ಜಿಬಿ. ಮೊದಲ ವಾರ ನನಗಿಂತ ಬುದ್ಧಿವಂತ ಯಾರೂ ಇಲ್ಲ ಅನಿಸಿತ್ತು. ಆಮೇಲೆ ಸಂಜೆಯ ಹೊತ್ತು ನೆಟ್ ತೆವಳುವುದು ಗಮನಕ್ಕೆ ಬಂತು. ಅಳೆದು ನೋಡಿದೆ. ಬೆಳಿಗ್ಗೆ ಆರಕ್ಕೆ 40 ಎಂಬಿಪಿಎಸ್, ರಾತ್ರಿ ಎಂಟಕ್ಕೆ ಅದೇ ಜಾಗದಲ್ಲಿ 3. ಟವರ್ ಮೇಲೆ ಜನ ಜಾಸ್ತಿಯಾದಾಗ ಕೆಲವು ನೆಟ್‌ವರ್ಕ್‌ಗಳು ಸ್ವಂತ ಗ್ರಾಹಕರನ್ನು ಮುಂದೆ ಬಿಟ್ಟು ಇಂಥ ಸಿಮ್‌ಗಳನ್ನು ಹಿಂದೆ ನಿಲ್ಲಿಸುತ್ತವೆ. ಎಲ್ಲರೂ ಹೀಗೆ ಮಾಡುತ್ತಾರೆ ಅಂತಲ್ಲ. ನಿಯಮಗಳ ಪುಟದಲ್ಲಿ ದಟ್ಟಣೆಯ ಹೊತ್ತಿನ ಬಗ್ಗೆ ಒಂದು ಸಾಲು ಇರುತ್ತದೆ, ನಾನು ಓದಿದ್ದು ಸೇರಿದ ಮೇಲೆ. ಕರೆಗೆ ಮಾತ್ರ ಈ ಸಿಮ್ ಬಗ್ಗೆ ಒಂದೂ ದೂರಿಲ್ಲ. ಎಂಟು ತಿಂಗಳ ನಂತರ ನಾನು ಬಿಟ್ಟೆ, ಆದರೆ ಅಮ್ಮನಿಗೆ ಅದೇ ಕಂಪನಿಯ ಸಿಮ್ ಕೊಡಿಸಿದೆ.

ಈಗಿನದು ತಿಂಗಳಿಗೆ ಒಟ್ಟು 20 ಜಿಬಿ, 30 ದಿನ, ದಿನದ ಮಿತಿ ಇಲ್ಲ. ಉಳಿದ ಡೇಟಾ ಮುಂದಿನ ತಿಂಗಳಿಗೆ ಸೇರುತ್ತದೆ, ಆದರೆ ಗಡುವು ಮುಗಿಯುವ ಮೊದಲೇ ರೀಚಾರ್ಜ್ ಮಾಡಿರಬೇಕು. ಒಂದೇ ದಿನ ತಡ ಮಾಡಿದರೂ ಎಲ್ಲಾ ಸೊನ್ನೆ. ಒಂದು ಸಲ ಹಾಗೂ ಆಯಿತು, 9 ಜಿಬಿ ಹೋಯಿತು, ಈಗ ಎರಡು ದಿನ ಮುಂಚೆ ಅಲಾರಂ ಇಟ್ಟಿದ್ದೇನೆ. ಮೊದಲಿನ 100ರ ಲೆಕ್ಕದಲ್ಲಿ ಹೇಳುವುದಾದರೆ ಇದರ ಬೆಲೆ 78, ದಿನಕ್ಕೆ 2.60. ಹನ್ನೊಂದು ತಿಂಗಳಲ್ಲಿ ಡೇಟಾ ಸಾಲದೆ ಟಾಪ್-ಅಪ್ ಹಾಕಿಸಿದ್ದು ಒಂದೇ ಸಲ, ಆಸ್ಪತ್ರೆಯಲ್ಲಿ ನಾಲ್ಕು ದಿನ ಕೂರಬೇಕಾಗಿ ಬಂದಾಗ. ಹಾಟ್‌ಸ್ಪಾಟ್‌ಗೆ ಬೇರೆ ಮಿತಿ ಇಲ್ಲ, ಇದನ್ನು ಈ ಸಲ ಮೊದಲೇ ಕೇಳಿ ತಿಳಿದುಕೊಂಡಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಆ ಹಾಟ್‌ಸ್ಪಾಟನ್ನು ಮೀಟರ್ಡ್ ಕನೆಕ್ಷನ್, ಅಂದರೆ ಡೇಟಾಗೆ ಮಿತಿ ಇರುವ ಸಂಪರ್ಕ ಅಂತ ಗುರುತು ಮಾಡಿಟ್ಟಿದ್ದೇನೆ, ಅಪ್‌ಡೇಟ್‌ನ ಕಾಟ ತಪ್ಪಿತು.

ಕೊರತೆಗಳೂ ಇವೆ. ಜೊತೆಗೆ ಕೊಟ್ಟ ಉಚಿತ ಸಿನಿಮಾ ಆ್ಯಪ್ ಫೋನಿನಲ್ಲಿ ಮಾತ್ರ ಓಡುತ್ತದೆ, ಟಿವಿಗೆ ಹಾಕಲಾಗುವುದಿಲ್ಲ. ಇಷ್ಟು ತಿಂಗಳಲ್ಲಿ ನೋಡಿದ್ದು ಎರಡು ಸಿನಿಮಾ, ಒಂದು ಅರ್ಧಕ್ಕೇ ಬಿಟ್ಟೆ. ಇನ್ನೊಂದು, ಎಸ್ಸೆಮ್ಮೆಸ್. ತಿಂಗಳಿಗೆ 50 ಮಾತ್ರ. ಸಾಕಲ್ಲ ಅಂದುಕೊಂಡಿದ್ದೆ, ಆದರೆ ಕನ್ನಡದಲ್ಲಿ ಬರೆದರೆ ಲೆಕ್ಕವೇ ಬೇರೆ. ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷ್ ಆದರೆ 160 ಅಕ್ಷರ ಹಿಡಿಸುತ್ತದೆ, ಕನ್ನಡ ಆದರೆ 70. ಆ 70ರಲ್ಲಿ ಒತ್ತು, ಗುಣಿತ ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ 'ಸ್ತ್ರೀ' ಅಲ್ಲಿ ಆರು! ಅಪ್ಪನದು ಬಟನ್ ಫೋನ್, ಅವರಿಗೆ ನಾಲ್ಕು ಸಾಲು ಬರೆದರೆ ಮೂರು ಎಸ್ಸೆಮ್ಮೆಸ್ ಖರ್ಚು. ಸುಮ್ನೆ ಫೋನ್ ಮಾಡಿ ಮಾತಾಡುವುದೇ ಅಗ್ಗ, ಕರೆಗೆ ಮಿತಿ ಇಲ್ಲವಲ್ಲ.

ಅಮ್ಮನ ಸಿಮ್ ಬಗ್ಗೆ ಹೇಳಿದೆನಲ್ಲ. ಅವಳಿಗೆ ಕೊಡಿಸಿದ್ದು 3 ಜಿಬಿಯ ಅತಿ ಚಿಕ್ಕ ಪ್ಲಾನ್. ಹತ್ತೇ ದಿನಕ್ಕೆ ಫೋನ್ ಬಂತು.

"ನೆಟ್ ಖಾಲಿಯಂತೆ ಕಣೋ. ನಾನೇನೂ ನೋಡೇ ಇಲ್ಲ."

ನಿಜಕ್ಕೂ ಅವಳು ನೋಡಿರಲಿಲ್ಲ. ವಾಟ್ಸ್ಆ್ಯಪ್‌ನ ಹನ್ನೊಂದು ಗುಂಪುಗಳಲ್ಲಿ ಬರುವ ಶುಭೋದಯದ ವಿಡಿಯೋಗಳೆಲ್ಲ ತಾವಾಗಿಯೇ ಇಳಿಯುತ್ತಿದ್ದವು. ಮೊಬೈಲ್ ಡೇಟಾದಲ್ಲಿ ಮೀಡಿಯಾ ಇಳಿಯುವುದನ್ನು ನಿಲ್ಲಿಸಿದೆ. ಆಮೇಲೆ ತಿಂಗಳಿಗೆ 1 ಜಿಬಿ ಕೂಡ ಅವಳಿಗೆ ಜಾಸ್ತಿಯೇ ಆಗುತ್ತಿದೆ.

ಈಗಿನ ಪ್ಲಾನ್‌ಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಅರ್ಧ ಕಳೆದಿದ್ದು ಆ 9 ಜಿಬಿಗೆ, ಇನ್ನರ್ಧ ದಿನಾ ಬರುವ ಆಫರ್ ಮೆಸೇಜ್‌ಗಳಿಗೆ. ಇವತ್ತು ಬೆಳಿಗ್ಗೆಯೂ ಒಂದು ಬಂತು. ನಿಮಗಾಗಿಯೇ ವಿಶೇಷ, ದಿನಕ್ಕೆ 3 ಜಿಬಿ, 28 ದಿನ. ನಿನ್ನೆ ನಾನು ಬಳಸಿದ್ದು 280 ಎಂಬಿ.