ಬಸ್ಸಿನಲ್ಲಿ ಬರುವ ‘ಹೊಳೆಯ ಅಸಲಿ’ ಮಿಸ್ ಕೇರಳ: ತರಿಸಬೇಡಿ

ಮಳೆ ಬಿಟ್ಟದ್ದೇ ತಡ, ಮಂಗಳೂರಿನ ಮೀನು ಸಾಕುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ತಿರುಗತೊಡಗುತ್ತದೆ: ಘಟ್ಟದ ತೋಡಿನ ಅಸಲಿ ಮಿಸ್ ಕೇರಳ, ಅಂಗಡಿಯ ಅರ್ಧ ರೇಟು, ಬಸ್ಸಿಗೆ ಹಾಕಿ ಕಳಿಸುತ್ತೇವೆ. ಮಿಸ್ ಕೇರಳ ಎಂದರೆ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಸಿಗುವ ಒಂದು ಅಲಂಕಾರಿಕ ಮೀನು. ಹಾಗೆ ಬಂದ ಒಂದು ಪಾರ್ಸೆಲ್ಲಿನಲ್ಲಿ ಎರಡು ಕವರ್, 24 ಮೀನು. ಐದನೇ ದಿನಕ್ಕೆ ಉಳಿದದ್ದು ಆರು.

ಎಡವಟ್ಟು ಶುರುವಾದದ್ದು ಕವರ್ ಬಿಚ್ಚುವಾಗಲೇ. ಒಂಬತ್ತು ಗಂಟೆ ಕಟ್ಟಿಟ್ಟ ಕವರಿನಲ್ಲಿ ಮೀನು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ನೀರಿನ ಪಿಎಚ್ ಇಳಿಯುತ್ತದೆ, ಅಂದರೆ ನೀರು ಹುಳಿಯಾಗುತ್ತದೆ. ಅಮೋನಿಯಾ ಕೂಡ ಸೇರಿರುತ್ತದೆ, ಆದರೆ ಪಿಎಚ್ ತಗ್ಗಿರುವಷ್ಟು ಹೊತ್ತು ಅದರ ಬಹುಪಾಲು ಅಮೋನಿಯಂ ಆಗಿದ್ದು ಅಷ್ಟು ತೊಂದರೆ ಕೊಡುವುದಿಲ್ಲ. ಇಲ್ಲಿ ಮಾಡಿದ್ದೇನೆಂದರೆ, ಕವರ್ ಬಿಚ್ಚಿಟ್ಟು ಟ್ಯಾಂಕಿನ ನೀರನ್ನು ಲೋಟ ಲೋಟವಾಗಿ ಒಂದು ಗಂಟೆ ಸೇರಿಸಿದ್ದು. ಗಾಳಿ ತಾಗಿ ಡೈಆಕ್ಸೈಡ್ ಹೋಯಿತು, ಪಿಎಚ್ ಏರಿತು, ಅದೇ ಅಮೋನಿಯಾ ವಿಷವಾಗಿ ಕಿವಿರು ಸುಟ್ಟಿತು. ಲೋಟದ ಉಪಚಾರ ಪಕ್ಕದ ಅಂಗಡಿಯಿಂದ ತಂದ ಮೀನಿಗೆ ಸರಿ. ದೂರದಿಂದ ಬಂದದ್ದನ್ನು ಕವರ್ ಬಿಚ್ಚದೆ 15–20 ನಿಮಿಷ ಟ್ಯಾಂಕಿನಲ್ಲಿ ತೇಲಿಸಿ, ಬಿಸಿ ಸಮವಾದ ಕೂಡಲೇ ಬಲೆಯಲ್ಲಿ ಸೋಸಿ ಮೀನನ್ನಷ್ಟೇ ಬಿಡಬೇಕು. ಕವರಿನ ನೀರು ಚರಂಡಿಗೆ.

ಟ್ಯಾಂಕೂ ಸಾಲದು. 2×1×1 ಅಡಿ ಎಂದರೆ ಹೆಚ್ಚೆಂದರೆ 57 ಲೀಟರ್. ಈ ಮೀನು 15 ಸೆಂ.ಮೀ. ತನಕ ಬೆಳೆಯುತ್ತದೆ, ಗುಂಪಿನಲ್ಲಿ ಓಡಾಡುತ್ತದೆ, ನಾಲ್ಕಡಿಗಿಂತ ಚಿಕ್ಕ ಟ್ಯಾಂಕ್ ಅದಕ್ಕೆ ಹೇಳಿದ್ದಲ್ಲ. ಫಿಲ್ಟರ್ ಹೊಸತು, ಅಮೋನಿಯಾ ತಿಂದು ತೆಗೆಯುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ಮುರಕಲ್ಲಿನ ನೆಲದ ಬಾವಿ ನೀರು ಹೆಚ್ಚಾಗಿ ಮೆದು, ಸ್ವಲ್ಪ ಹುಳಿ. ಅದರಲ್ಲಿ ಇನ್ನೂ ನಿಧಾನ.

ಇಷ್ಟು ಸಾಕಣೆಯ ತಪ್ಪು. ಆದರೆ ಸತ್ತ ಮೀನುಗಳನ್ನು ಒಂದು ಬಿಳಿ ತಟ್ಟೆಯಲ್ಲಿ ಸಾಲಾಗಿ ಇಟ್ಟಾಗ ಕಂಡದ್ದು ಬೇರೆ. ಚಿಕ್ಕದು 4 ಸೆಂ.ಮೀ., ದೊಡ್ಡದು 11. ಮೂತಿಯ ತುದಿ ಸವೆದು ಬೆಳ್ಳಗೆ, ಬೆನ್ನಿನ ಬಳಿ ಹುರುಪೆ ಕಿತ್ತು ಹೋಗಿತ್ತು, ಹೊಟ್ಟೆ ಒಳಕ್ಕೆ ಸೇರಿತ್ತು. ಫಾರ್ಮಿನಲ್ಲಿ ಮರಿ ಮಾಡಿದ್ದಾದರೆ ಎಲ್ಲ ಹೆಚ್ಚುಕಡಿಮೆ ಒಂದೇ ಅಳತೆ ಇರುತ್ತದೆ, ಕಾಳು ಹಾಕಿದರೆ ನುಗ್ಗಿ ಬರುತ್ತದೆ. ಇವು ಕಾಳನ್ನು ಮೂಸಲೂ ಇಲ್ಲ. ಹೊಳೆಯ ಒಂದು ಕಯವನ್ನು (ನೀರು ನಿಲ್ಲುವ ಆಳದ ಗುಂಡಿಯನ್ನು) ಮರಿ, ತಾಯಿ ಎನ್ನದೆ ಬಾಚಿ ತಂದದ್ದೆಂದು ಬೇರೆ ಯಾರೂ ಹೇಳಬೇಕಿಲ್ಲ. ಮೊಟ್ಟೆ ಇಡುವುದೇ ಅಕ್ಟೋಬರಿನಿಂದ ಮಾರ್ಚ್ ತನಕ, ಸಂದೇಶ ಬರುವುದೂ ಅದೇ ಹೊತ್ತಿಗೆ. ತೋಡಿಗೆ ಬ್ಲೀಚಿಂಗ್ ಪೌಡರ್ ಹಾಕಿ ಮೂರ್ಛೆ ಹೋದದ್ದನ್ನು ಹೆಕ್ಕುವವರೂ ಇದ್ದಾರೆ. ಅಂಥ ಮೀನು ಒಳ್ಳೆ ನೀರಿನಲ್ಲಿ ಎಚ್ಚೆತ್ತಂತೆ ಕಂಡರೂ ಕಿವಿರು ಹಾಳಾಗಿ ಕೆಲವು ದಿನದಲ್ಲಿ ಸಾಯುತ್ತದೆ.

ನೀರಿಗೆ ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಸೋಮೇಶ್ವರ, ಪುಷ್ಪಗಿರಿಯಂಥ ಅಭಯಾರಣ್ಯದೊಳಗಿಂದ ಅನುಮತಿ ಇಲ್ಲದೆ ಮೀನು ತರುವುದು ವನ್ಯಜೀವಿ ಕಾಯ್ದೆಯ ಕೇಸು. ಮಿಸ್ ಕೇರಳ ಅಳಿವಿನಂಚಿನ ಮೀನು, 2022ರ ತಿದ್ದುಪಡಿಯಲ್ಲಿ ಆ ಕಾಯ್ದೆಯ ರಕ್ಷಿತ ಪ್ರಾಣಿಗಳ ಪಟ್ಟಿಗೂ ಸೇರಿದೆ. ಹಾಗಾಗಿ ಹೊಳೆಯಿಂದ ಹಿಡಿದು ತಂದದ್ದಾದರೆ ಹಿಡಿದವನ ಜೊತೆ ಮನೆಯಲ್ಲಿ ಇಟ್ಟುಕೊಂಡವನೂ ಸಿಕ್ಕಿಬೀಳುತ್ತಾನೆ. ಮಾರಿದವನ ನಂಬರ್ ಅಷ್ಟರೊಳಗೆ ಸ್ವಿಚ್ ಆಫ್. ಫಾರ್ಮಿನದ್ದು ಅಂದರೆ ಫಾರ್ಮಿನ ಹೆಸರಿರುವ ಬಿಲ್ ಕೇಳಿ. ಬಿಲ್ ಕೊಟ್ಟರೂ ದುಡ್ಡು ಹಾಕುವ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸಿ.

ತಂದು ಆಗಿದ್ದರೆ ಉಳಿದದ್ದನ್ನು ನೇತ್ರಾವತಿಗೋ ಸೀತಾನದಿಗೋ ಬಿಡಲು ಹೋಗಬೇಡಿ. ಟ್ಯಾಂಕಿನ ರೋಗ ಹೊಳೆಗೆ ಹೋಗುತ್ತದೆ, ಬೇರೆ ಹೊಳೆಯ ತಳಿ ಇಲ್ಲಿ ಬೆರೆಯುತ್ತದೆ. ದಿನ ಬಿಟ್ಟು ದಿನ ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ ನೋಡಿ, 0.25 ಪಿಪಿಎಂ (ಲೀಟರಿಗೆ 0.25 ಮಿಲಿಗ್ರಾಂ) ದಾಟಿದರೆ ಮೂರನೇ ಒಂದು ಪಾಲು ನೀರು ಬದಲಿಸಿ. ಸಂದೇಶದ ಸ್ಕ್ರೀನ್‌ಶಾಟ್, ಬಸ್ಸಿನ ಪಾರ್ಸೆಲ್ ಚೀಟಿ ಎರಡನ್ನೂ ಬಿಸಾಡದೆ ವಲಯ ಕಚೇರಿಗೆ ಒಯ್ಯಿರಿ. ಕವರ್ ಎಲ್ಲಿ ಬಸ್ಸು ಹತ್ತಿತೆಂಬುದಕ್ಕೆ ಆ ಚೀಟಿ ಬಿಟ್ಟರೆ ಬೇರೆ ಗುರುತಿರುವುದಿಲ್ಲ.